ಸರಸ್ವತಿ ಪೂಜೆಗೆ ಕೂತ ಉಲ್ಕಾವೀರ

ವಾದದಲ್ಲಿ ಹೆಂಡತಿಯನ್ನು ಗೆಲ್ಲಬಾರದು. ಸೋತವನು ಪೇಪರು ಹಿಡಿದುಕೊಂಡು ಮೂಲೆಯಲ್ಲಿ ಸುಮ್ಮನೆ ಕೂರಬಹುದು. ಗೆದ್ದವನ ಗತಿ ದೇವರಿಗೇ ಪ್ರೀತಿ. ಈ ಸತ್ಯ ಇಂಡಿ ಊರಿನ ಗುರುರಾಜ ಮಾಸ್ತರರಿಗೆ ಹೊಳೆಯಲು ಅರವತ್ತು ವರ್ಷ ತುಂಬಬೇಕಾಯಿತು. ಹೈಸ್ಕೂಲಿನ ಗಣಿತದಿಂದ ನಿವೃತ್ತಿಯಾಗಿ ಮೂರು ತಿಂಗಳ ಮೇಲೆ, ನವರಾತ್ರಿಯ ಸಪ್ತಮಿಯ ದಿನ, ಬೆಳಿಗ್ಗೆ ಹತ್ತೂವರೆಗೆ ಅದು ಹೊಳೆಯಿತು.

ವಾದ ಇಷ್ಟೇ: ಕಾಮಿಕ್ಸ್ ಎಂಬುದು ಪುಸ್ತಕವೋ ಅಲ್ಲವೋ. ಇಂದೂಬಾಯಿಯವರ ಪ್ರಕಾರ ಅಲ್ಲ. ಮುದ್ದೇಬಿಹಾಳದ ಅವರ ತವರಿನಲ್ಲಿ ಪುಸ್ತಕವೆಂದರೆ ಕೆಂಪು ವಸ್ತ್ರದಲ್ಲಿ ಸುತ್ತಿ ವ್ಯಾಸಪೀಠದ ಮೇಲೆ ಇಡುವಂಥದ್ದು. ಮದುವೆಯಾದ ಹೊಸತರಲ್ಲಿ ಗಂಡನ ಟ್ರಂಕಿನಿಂದ ಇಪ್ಪತ್ಮೂರು ಹಳೆಯ ಬಣ್ಣದ ಪುಸ್ತಿಕೆಗಳು ಹೊರಬಿದ್ದಾಗ ಅವರು ಮೊದಲ ಚಿತ್ರವನ್ನು ನೋಡಿ ಒಂದೇ ಪ್ರಶ್ನೆ ಕೇಳಿದ್ದರು: "ಚಡ್ಡಿ ಒಳಗ ಹಾಕ್ಕೋಬೇಕೋ ಹೊರಗ ಹಾಕ್ಕೋಬೇಕೋ ತಿಳೀಲಾರದಾಂವ ಲೋಕ ಏನು ಕಾಯ್ತಾನ?"

ಮಾಸ್ತರರು ಬಿಡುವ ಪೈಕಿಯಲ್ಲ. "ಇದೂ ಗ್ರಂಥನ, ಇಂದೂ. ಇದರಾಗೂ ಧರ್ಮ ಅದ, ಅಧರ್ಮ ಅದ, ಅವತಾರ ಅದ. ಪುರಾಣದಾಗ ಯಾರರೆ ಹಾರಿದರ ಕೈ ಮುಗೀತಿ, ಇಲ್ಲಿ ಹಾರಿದರ ನಗ್ತಿ. ಇದು ಯಾವ ನ್ಯಾಯ?" ಮೂವತ್ತೆರಡು ವರ್ಷ ಇದೇ ಮಾತು. (ಪೈಥಾಗೊರಸನ ಪ್ರಮೇಯವನ್ನೂ ಅವರು ಇಷ್ಟು ಸಲ ಹೇಳಿಕೊಟ್ಟಿರಲಿಕ್ಕಿಲ್ಲ.)

ಆ ಇಪ್ಪತ್ಮೂರು ಪುಸ್ತಿಕೆಗಳ ನಾಯಕ ಉಲ್ಕಾವೀರ. ತೊಟ್ಟಿಲ ಮೇಲೆ ಉಲ್ಕೆ ಬಿದ್ದು ಶಕ್ತಿ ಪಡೆದವನು. ಹಾರುತ್ತಿದ್ದ, ಗೋಡೆ ತೂರಿ ನೋಡುತ್ತಿದ್ದ. ಅವನ ಹಗೆ, ನೆಲದಡಿಯಲ್ಲಿ ಪಾತಾಳನಗರಿ ಕಟ್ಟಿಕೊಂಡಿದ್ದ ಒಬ್ಬ ಮುಸುಕುಧಾರಿ. ತಾಳಿಕೋಟೆಯಲ್ಲಿ ಐದನೇ ಇಯತ್ತೆಯಿಂದ ಏಳನೇ ಇಯತ್ತೆಯವರೆಗೂ ಗುರುರಾಜ ಮತ್ತು ಅವನ ಗೆಳೆಯ ಹೃಷೀಕೇಶ ತಿಂಗಳಿಗೊಂದರಂತೆ ಇವನ್ನು ಬಸ್ ಸ್ಟ್ಯಾಂಡಿನ ಅಂಗಡಿಯಲ್ಲಿ ಕೊಂಡು ಓದುತ್ತಿದ್ದರು. ಇಪ್ಪತ್ಮೂರನೆಯ ಸಂಚಿಕೆಯ ಕೊನೆಯ ಚಿತ್ರದಲ್ಲಿ ಉಲ್ಕಾವೀರ ಮುಸುಕಿಗೆ ಕೈ ಹಾಕಿದ್ದ. ಮುಸುಕಿನೊಳಗೆ ಯಾರೆಂಬುದು ಮುಂದಿನ ತಿಂಗಳು. ಮುಂದಿನ ತಿಂಗಳು ಡೋಣಿ ಹೊಳೆ ತುಂಬಿ ಬಂತು. ಡೋಣಿ ಬೆಳೆದರೆ ಓಣೆಲ್ಲ ಜೋಳ ಎಂದು ಊರವರು ಹೊಗಳುವ ಅದೇ ಡೋಣಿ ಬಸ್ಸು ನಿಲ್ಲಿಸಿತು, ಬಂಡಲು ಬರಲಿಲ್ಲ. ನೀರು ಇಳಿಯುವ ಹೊತ್ತಿಗೆ ಪ್ರಕಾಶಕರೇ ಅಂಗಡಿ ಮುಚ್ಚಿದ್ದರು.

ಅಂದಿನಿಂದ ನಲವತ್ತೆಂಟು ವರ್ಷ ಗುರುರಾಜರ ಎದೆಯಲ್ಲಿ ಒಂದೇ ಪ್ರಶ್ನೆ. ಮುಸುಕಿನೊಳಗೆ ಯಾರು? ನೌಕರಿ, ಮದುವೆ, ಮಕ್ಕಳು, ವರ್ಗಾವಣೆ ಎಲ್ಲ ಆಯಿತು, ಇದೊಂದು ಆಗಲಿಲ್ಲ. ಅವರ ಸಿದ್ಧಾಂತದ ಪ್ರಕಾರ ಒಳಗಿದ್ದವನು ಪೊಲೀಸ್ ಕಮಿಷನರ್. ಇದಕ್ಕೆ ಗ್ರಾಫ್ ಹಾಳೆಯ ಮೇಲೆ ಸಾಧನೆಯೂ ಇತ್ತು: ಮುಸುಕುಧಾರಿ ಕಾಣಿಸಿಕೊಂಡ ಚಿತ್ರಗಳಲ್ಲೆಲ್ಲ ಕಮಿಷನರ್ ಗೈರುಹಾಜರು. ಈಗ ಸಿಂದಗಿಯಲ್ಲಿ ಔಷಧಿ ಅಂಗಡಿ ಇಟ್ಟಿರುವ ಹೃಷೀಕೇಶನ ಪ್ರಕಾರ ಒಳಗಿದ್ದವನು ಡಾಕ್ಟರ್. ಇಬ್ಬರೂ ಈ ಕಾರಣಕ್ಕೆ ಎರಡು ಸಲ ಮಾತು ಬಿಟ್ಟಿದ್ದರು, ಒಮ್ಮೆಯಂತೂ ಹೃಷೀಕೇಶನ ಮಗನ ಮುಂಜಿಯಲ್ಲಿ.

ಹೀಗಿರುವಾಗ ಯಾರೋ ಪುಣ್ಯಾತ್ಮರು ಅಚ್ಚಾಗಿಯೂ ಊರು ಮುಟ್ಟದ ಆ ಕೊನೆಯದೂ ಸೇರಿ ಇಪ್ಪತ್ನಾಲ್ಕೂ ಸಂಚಿಕೆಗಳನ್ನು ಎಲ್ಲೆಲ್ಲಿಂದಲೋ ಹುಡುಕಿ ತೆಗೆದು, ಬಣ್ಣ ತಿದ್ದಿ, ಗಟ್ಟಿ ರಟ್ಟಿನ ಒಂದೇ ಸಂಪುಟವಾಗಿ ಮರುಮುದ್ರಿಸಿದರು. ಬೆನ್ನ ಮೇಲೆ ಬಂಗಾರದ ಅಕ್ಷರ. ಗುರುರಾಜರು ಮೊಬೈಲಿನಲ್ಲಿ ತರಿಸಿದರು. ಸಪ್ತಮಿಯ ಬೆಳಿಗ್ಗೆ ಕೊರಿಯರಿನವನು ಬಂದಾಗ ಅವರು ಸ್ನಾನಕ್ಕೆ ಹೋಗಿದ್ದರು. ಪಾರ್ಸೆಲ್ ಬಂತೆಂದು ಇಂದೂಬಾಯಿ ಹೊರಗಿನಿಂದ ಕೂಗಿ ಹೇಳಿದರು. ಆ ಕ್ಷಣದಿಂದ ಮಾಸ್ತರರ ಸ್ನಾನ ಬರೀ ಲೆಕ್ಕಕ್ಕೆ. ಬೆನ್ನು ಒರೆಸಿಕೊಳ್ಳದೆ ಓಡಿ ಬಂದರು. ಪಡಸಾಲೆಯಲ್ಲಿ ಹರಿದ ರಟ್ಟಿನ ಡಬ್ಬಿ ಮಾತ್ರ ಬಿದ್ದಿತ್ತು.

"ಪುಸ್ತಕ ಎಲ್ಲಿ, ಇಂದೂ?"

"ದೇವರ ಮನ್ಯಾಗ."

ದೇವರ ಮನೆಯಲ್ಲಿ, ಮಣೆಯ ಮೇಲೆ, ಭಗವದ್ಗೀತೆಯ ಕೆಳಗೆ, ಪಂಚಾಂಗದ ಮಗ್ಗುಲಿಗೆ, ಪ್ಲಾಸ್ಟಿಕ್ ಹೊದಿಕೆಯನ್ನೂ ಬಿಚ್ಚದ ಉಲ್ಕಾವೀರ ಕುಳಿತಿದ್ದ. ಮೇಲೆ ಜರಿಯಂಚಿನ ಖಣ ಹೊದಿಸಿತ್ತು. ಅರಿಷಿಣ, ಕುಂಕುಮ, ಗೆಜ್ಜೆವಸ್ತ್ರ, ಎರಡು ಸೇವಂತಿಗೆ. ಇವತ್ತು ಮೂಲಾ ನಕ್ಷತ್ರ, ಸರಸ್ವತಿಯ ಆವಾಹನೆ. ಆವಾಹನೆಯಾದ ಪುಸ್ತಕವನ್ನು ಶ್ರವಣ ನಕ್ಷತ್ರದಲ್ಲಿ ವಿಸರ್ಜನೆ ಮಾಡುವವರೆಗೆ ಯಾರೂ ಓದುವುದಿಲ್ಲ, ತೆರೆಯುವುದಿಲ್ಲ, ಮುಟ್ಟುವುದೂ ಇಲ್ಲ. ಈ ವರ್ಷ ಶ್ರವಣ ಬಂದಿದ್ದು ದಶಮಿಗೆ.

"ಅಲ್ಲ, ಇದನ್ನ್ಯಾಕ ಇಟ್ಟಿ?" ಗುರುರಾಜರು ಹೊಸ್ತಿಲಲ್ಲೇ ನಿಂತು ಕೇಳಿದರು. "ಇದು ಬರೇ ಚಿತ್ರದ ಪುಸ್ತಕ. ಹುಡುಗರ ಆಟದ ಸಾಮಾನು ಇದ್ದಂಗ."

ಇಂದೂಬಾಯಿ ಊದಬತ್ತಿ ಬೆಳಗುವುದನ್ನು ನಿಲ್ಲಿಸಲಿಲ್ಲ. "ಗ್ರಂಥ ಅಂದಿದ್ದು ಯಾರು? ಮೂವತ್ತೆರಡು ವರ್ಷ ನೀವ ಹೇಳಿದಿರಿ, ಧರ್ಮ ಅದ, ಅಧರ್ಮ ಅದ ಅಂತ. ನನಗ ಈ ವರ್ಷ ಪಟಿಸ್ತು, ಖರೇ ಅನಿಸ್ತು. ಬಂಗಾರದ ಅಕ್ಷರ ನೋಡಿ ಕೈ ಮುಗದು ಇಟ್ಟೆ."

"ನಾ ಹೇಳಿದ್ದು ತಪ್ಪಿತ್ತು."

"ಪೂಜಿ ಆದ ಮ್ಯಾಲ ತಪ್ಪು ಅಂದ್ರ ಹ್ಯಾಂಗ್ರಿ? ಸರಸ್ವತಿ ಏನು ತಿಳ್ಕೋತಾಳ?"

ಸರಸ್ವತಿ ಏನು ತಿಳಿದುಕೊಳ್ಳುತ್ತಾಳೆಂಬ ಪ್ರಶ್ನೆಗೆ ಗಣಿತದಲ್ಲಿ ಉತ್ತರವಿರಲಿಲ್ಲ. ಆ ದಿನವೆಲ್ಲ ಮಾಸ್ತರರು ದೇವರ ಮನೆಯ ಹೊಸ್ತಿಲ ಮುಂದೆ ಅಡ್ಡಾಡಿದರು. ಆರು ಹೆಜ್ಜೆ ದೂರದಲ್ಲಿ ಉತ್ತರವಿದೆ, ನಡುವೆ ಒಂದು ಖಣದ ಬಟ್ಟೆ. ಅವರಿಗೆ ನಿಜಕ್ಕೂ ದುಃಖವಾಗಿತ್ತು. ನಲವತ್ತೆಂಟು ವರ್ಷ ಕಾದವನಿಗೆ ಮೂರು ದಿನ ಕಾಯಲು ಏನು ಕಷ್ಟ ಎಂದು ಕೇಳುವವರು ಬಸ್ಸಿನಲ್ಲಿ ಬಂದು ತಮ್ಮೂರು ಕಂಡ ಮೇಲೆ ಮೂತ್ರ ತಡೆದು ಕೂತು ನೋಡಬೇಕು.

ಅಷ್ಟಮಿಯ ಮಧ್ಯಾಹ್ನ ಇಂದೂಬಾಯಿ ಅರಿಷಿಣ ಕುಂಕುಮಕ್ಕೆಂದು ಓಣಿಯಾಚೆ ಹೋದರು. ಗುರುರಾಜರು ಗಂಭೀರವಾಗಿ ಎರಡನೆಯ ಸ್ನಾನ ಮಾಡಿ, ಮಡಿ ಉಟ್ಟು, ದೇವರ ಮನೆಗೆ ಪಾದಾರ್ಪಣೆ ಮಾಡಿದರು. (ಕಳವಾದರೂ ಶಾಸ್ತ್ರೋಕ್ತವಾಗಿರಲಿ ಎಂಬುದು ಅವರ ಮತ.) ಮೊಣಕಾಲೂರಿ, ತಲೆ ಮಣೆಗೆ ತಾಗುವಷ್ಟು ಬಗ್ಗಿ, ಖಣದ ಅಡಿಯಲ್ಲಿ ಎರಡೂ ಕೈ ತೂರಿಸಿದರು. ಗೀತೆ ಅಲುಗದ ಹಾಗೆ ಉಲ್ಕಾವೀರನನ್ನು ಎಳೆಯಬೇಕು. ಅರ್ಧ ಗೇಣು ಬಂದಿತ್ತು, ಹಿಂದೆ ಬಳೆ ಸಪ್ಪಳವಾಯಿತು.

ಪಕ್ಕದ ಮನೆಯ ಕಾಶಿಬಾಯಿ ಹೊಲದಿಂದ ಹೂವು ತಂದಿದ್ದಳು. ಇಂದೂಬಾಯಿ ಹೋದಲ್ಲಿ ಹೋಗಿ ಅವಳು ಹೇಳಿದ್ದು ಇದು: "ವೈನಿ, ಎಂಥಾ ಭಕ್ತಿರಿ ಮಾಸ್ತರ್ರದು. ಸರಸ್ವತಿ ಮುಂದ ಉದ್ದಕ ಬಿದ್ದು ನಡುಗಾಕತ್ತಿದ್ರು. ಕಣ್ಣಾಗ ನೀರು ಬಂದಿದ್ದುವು." ಸುದ್ದಿ ಓಣಿ ತುಂಬಿತು. ನವಮಿಯ ದಿನ ಮಾಸ್ತರರನ್ನು ನೋಡಲು ಜನ ಬಂದಿದ್ದರಿಂದ ಅವರು ಮಣೆಯ ಮುಂದೆ ಕೂತು ಒಂದು ತಾಸು ಸ್ತೋತ್ರ ಹೇಳಬೇಕಾಯಿತು. ಎದುರಿಗೇ ಪುಸ್ತಕ, ಕೈ ಮಾತ್ರ ಮುಗಿದೇ ಇರಬೇಕು.

ದಶಮಿ ಬಂತು. ಫೋನಿನಲ್ಲಿ ಪುಸ್ತಕದ ಸುದ್ದಿ ಕೇಳಿದ್ದ ಹೃಷೀಕೇಶ ಸಿಂದಗಿಯಿಂದ ಮೊದಲ ಬಸ್ಸಿಗೇ ಬಂದಿಳಿದ. ನೆಪ ಬನ್ನಿ ಕೊಡುವುದು. ಒಳಗಿನ ಮಾತು, ಡಾಕ್ಟರೆಂದು ಸಾಬೀತಾಗುವ ಹೊತ್ತಿಗೆ ಗುರುರಾಜನ ಮೋರೆ ನೋಡುವುದು. ಬನ್ನಿ ಕೊಟ್ಟು, "ಬಂಗಾರದಂಗ ಇರೂಣು" ಎಂದು ಅಪ್ಪಿಕೊಂಡು, ಕಿವಿಯಲ್ಲಿ "ಡಾಕ್ಟರ್" ಎಂದ. ಗುರುರಾಜರು ಅವನ ಕಿವಿಯಲ್ಲಿ "ಕಮಿಷನರ್" ಎಂದರು. ವಿಸರ್ಜನೆ ಮುಗಿಯಿತು. ಖಣ ಸರಿಯಿತು. ಮಾಸ್ತರರು ಪ್ಲಾಸ್ಟಿಕ್ ಹರಿದು, ಪುಸ್ತಕವನ್ನು ನೇರ ಹಿಂದಿನಿಂದ ತೆರೆಯಹೋದರು.

"ಅಯ್ಯ, ಕಡೀ ಪುಟದಿಂದ ಓದ್ತಾರೇನ್ರಿ ಇವತ್ತ?" ಇಂದೂಬಾಯಿ ಕೈ ಹಿಡಿದರು. "ವರ್ಷದ ಓದು ಶುರು ಆಗೂ ದಿನ. ನಮ್ಮ ತವರಮನ್ಯಾಗ ಎಲ್ಲಾರೂ ತಮ್ಮ ತಮ್ಮ ಪುಸ್ತಕ ಮೊದಲನೇ ಪುಟದಿಂದ ದೇವರಿಗೆ ಕೇಳೂಹಂಗ ಓದ್ತಿದ್ರು. ಓದ್ರಿ, ಗಟ್ಟ್ಯಾಗಿ."

ಬನ್ನಿ ಕೊಡಲು ಬಂದ ಕಾಶಿಬಾಯಿ ಸೆರಗು ಹೊದ್ದು ಭಕ್ತಿಯಿಂದ ಕೂತಳು. ಹೀಗಾಗಿ ಗುರುರಾಜ ಮಾಸ್ತರರು, ಮಡಿ ಉಟ್ಟು, ಹಣೆಗೆ ಅಂಗಾರ ಅಕ್ಷತೆ ಹಚ್ಚಿಕೊಂಡು, ಕುಲದೇವರ ಸನ್ನಿಧಿಯಲ್ಲಿ, "ಧಡಾಂ. ಢಿಶುಂ. ಆಹ್. ಬಿಡಬೇಡಿ ಅವನನ್ನು" ಎಂದು ಪಠಿಸತೊಡಗಿದರು. ಹೃಷೀಕೇಶ ಕೆಮ್ಮಿದಂತೆ ಮಾಡಿ ನಗು ನುಂಗಿದ. ನಾಲ್ಕು ಸಾಲು ಓದಿ ನಿಲ್ಲಿಸಿದರೆ ಕಾಶಿಬಾಯಿ, "ಮುಂದ ಏನಾತ್ರಿ?" ಎಂದಳು. ಇಂದೂಬಾಯಿ ಹತ್ತಿರ ಸರಿದು ಚಿತ್ರಕ್ಕೆ ಬಗ್ಗಿದರು. ಒಂದು ಸಂಚಿಕೆ ಮುಗಿಯಿತು. ಎರಡನೆಯದೂ ಮುಗಿಯಿತು. ಮಾಸ್ತರರ ಗಂಟಲು ಒಣಗಿತು, ಹೋಳಿಗೆಯ ಹೂರಣ ಒಳಗೆ ಆರುತ್ತಿತ್ತು, ಹೆಂಗಸರಿಬ್ಬರೂ ಕದಲಲಿಲ್ಲ.

ಎರಡನೆಯ ಸಂಚಿಕೆಯ ಕೊನೆಗೆ ಇಂದೂಬಾಯಿ ಎದ್ದು ನಿಂತರು. "ಇರಲಿ ಬಿಡ್ರಿ, ಎಲಿ ಹಾಕ್ತೇನಿ. ಮುಸುಕಿನ್ಯಾಗ ಇರಾಕಿ ಅತ್ತಿ."

"ಹೌದ್ರಿ ವೈನಿ," ಎಂದಳು ಕಾಶಿಬಾಯಿ. "ನನಗೂ ಹಂಗ ಅನಿಸಾಕತ್ತಿತ್ತು."

ಗುರುರಾಜರೂ ಹೃಷೀಕೇಶನೂ ಒಬ್ಬರನ್ನೊಬ್ಬರು ನೋಡಿದರು. ನಲವತ್ತೆಂಟು ವರ್ಷದಲ್ಲಿ ಮೊದಲ ಬಾರಿಗೆ ಇಬ್ಬರೂ ಒಂದೇ ಮಾತು ಹೇಳಿದರು. "ಯಾವ ಅತ್ತಿ?"

"ಯಾವ ಅತ್ತಿ ಅಂದ್ರ? ಅವನ ಸೋದರತ್ತಿ. ಅವನ್ನ ಸಾಕಿದಾಕಿ. ನೋಡ್ರಿ ಇಲ್ಲಿ."

ಇಂದೂಬಾಯಿ ಪುಟ ಹಿಂದಕ್ಕೆ ತಿರುವಿದರು. ಏಳನೆಯ ಪುಟದಲ್ಲಿ ಉಲ್ಕಾವೀರ ಊಟಕ್ಕೆ ಕೂತಿದ್ದ. ಹಿಂದೆ, ಅಡುಗೆಮನೆಯ ಬಾಗಿಲಲ್ಲಿ, ಸೌಟು ಹಿಡಿದು ಒಬ್ಬ ಹೆಂಗಸು ನಿಂತಿದ್ದಳು. ಹದಿನೆಂಟರಲ್ಲಿಯೂ ನಿಂತಿದ್ದಳು. ಮೂವತ್ತೊಂದರಲ್ಲಿಯೂ. ಹೃಷೀಕೇಶ ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದ. ಗುರುರಾಜರು ಆ ಪುಟಗಳನ್ನು ಕಡಿಮೆಯೆಂದರೂ ಇನ್ನೂರು ಸಲ ಓದಿದ್ದರು. ಆ ಹೆಂಗಸನ್ನು ಈಗ ಮೊದಲ ಸಲ ಕಂಡರು.

"ಎರಡು ಪುಸ್ತಕದಾಗ ಆ ಹುಡುಗ ಆರು ಸಲ ಉಂಡಾನ," ಎಂದರು ಇಂದೂಬಾಯಿ. "ಆಕಿ ಉಂಡಿದ್ದು ಒಂದೂ ಚಿತ್ರ ಇಲ್ಲ. ಉಂಡ್ಯಾ ಅಂತ ಅಂವ ಒಮ್ಮೆರೆ ಕೇಳಿಲ್ಲ. ಅಷ್ಟು ವರ್ಷ ಹಂಗ ನಿಂತಾಕಿ ನೆಲದ ಕೆಳಗ ಒಂದು ಊರು ಕಟ್ಟಿದರ ಏನು ಆಶ್ಚರ್ಯರಿ?"

ಗಂಡಸರಿಬ್ಬರೂ ಜೋರಾಗಿ ನಕ್ಕರು. ಅಡುಗೆ ಮಾಡುವ ಅತ್ತೆ ಪಾತಾಳನಗರಿಯ ಒಡತಿಯಂತೆ. ನಗುತ್ತಲೇ ಗುರುರಾಜರು ಕೊನೆಯ ಪುಟ ತೆರೆದರು. ನಗುತ್ತಲೇ ಓದತೊಡಗಿದರು. ಓದುತ್ತ ಓದುತ್ತ ಅವರ ದನಿ ಸಣ್ಣದಾಯಿತು.

ಮುಸುಕು ಕಿತ್ತು ಬಂದಿತ್ತು. ಒಳಗೆ ಅದೇ ಹೆಂಗಸು. ಅವಳ ಮಾತು ದೊಡ್ಡ ಅಕ್ಷರದಲ್ಲಿತ್ತು: "ಉಲ್ಕಾವೀರಾ, ಗೋಡೆಯಾಚೆ ಇದ್ದವರನ್ನೆಲ್ಲ ಕಂಡೆ. ಬಾಗಿಲಲ್ಲಿ ನಿಂತ ನನ್ನನ್ನು ಕಾಣಲಿಲ್ಲ."

ಕಮಿಷನರೂ ಹೋದ, ಡಾಕ್ಟರೂ ಹೋದ. ಗ್ರಾಫ್ ಹಾಳೆಯಲ್ಲಿ ಅತ್ತೆಗೆ ಒಂದು ಚುಕ್ಕೆಯನ್ನೂ ಇಟ್ಟಿರಲಿಲ್ಲವೆಂಬುದು ಮಾಸ್ತರರಿಗೆ ನೆನಪಾಯಿತು, ನಾಚಿಕೆಯೂ ಆಯಿತು. ಹೃಷೀಕೇಶ ಗಡಿಯಾರ ನೋಡಿ, ಸಿಂದಗಿ ಬಸ್ಸು ಎಷ್ಟಕ್ಕೆಂದು ವಿಚಾರಿಸಿದ.

"ಉಂಡು ಹೋಗ್ರಿ," ಎಂದು ಇಂದೂಬಾಯಿ ಎರಡು ಎಲೆ ಹಾಕಿದರು. ಗಂಡಸರಿಬ್ಬರೂ ಕೂತರು. ಉಪ್ಪು, ಕೋಸಂಬರಿ, ಪಲ್ಯ ಬಿದ್ದವು. ಇಂದೂಬಾಯಿ ಸೌಟು ಹಿಡಿದು ಅಡುಗೆಮನೆಯ ಬಾಗಿಲಲ್ಲಿ ನಿಂತರು, ಮೂವತ್ತೆರಡು ವರ್ಷದಿಂದ ನಿಂತಂತೆಯೇ. ಗುರುರಾಜರು ಎಲೆ ನೋಡಿದರು, ಹೆಂಡತಿಯನ್ನು ನೋಡಿದರು. ಕೈ ತುತ್ತಿಗೆ ಹೋಗಲಿಲ್ಲ.

"ಇಂದೂ, ನೀನೂ ಕೂಡು."

"ನಾ ಕೂತರ ಬಡಿಸಾವ್ರು ಯಾರು?"

ಇಂಥ ಪ್ರಶ್ನೆಗೆ ವೀರಪುರುಷನು ಕೊಡಬೇಕಾದ ಉತ್ತರವನ್ನೇ ಮಾಸ್ತರರು ಕೊಟ್ಟರು. ಎದ್ದರು, ಸೌಟು ಇಸಿದುಕೊಂಡರು. ಅವರ ಎಲೆಯ ಮುಂದೆ ಇಂದೂಬಾಯಿ ಕೂತರು, ಮಗ್ಗುಲಿಗೆ ಇನ್ನೊಂದು ಎಲೆ ಹಾಕಿಸಿಕೊಂಡು ಕಾಶಿಬಾಯಿ. ಮಾಸ್ತರರು ಅನ್ನಕ್ಕಿಂತ ಮೊದಲು ಸಾರು ಬಡಿಸಿದರು. ಅದು ಹೃಷೀಕೇಶನ ಎಲೆಯಿಂದ ಹರಿದು ಕಾಶಿಬಾಯಿಯ ಕಡೆ ಹೊರಟಿತು. ತುಪ್ಪದ ತಂಬಿಗೆ ಎಲ್ಲಿದೆಯೆಂದು ಮೂರು ಸಲ ಕೇಳಿದರು. ಮೂರನೆಯ ಸಲ ಇಂದೂಬಾಯಿ, "ಗೋಡಿ ತೂರಿ ನೋಡ್ರಿ," ಎಂದರು. ಕಾಶಿಬಾಯಿ ಒಲ್ಲೆ ಒಲ್ಲೆ ಎನ್ನುತ್ತ ನಾಲ್ಕು ಹೋಳಿಗೆ ಉಂಡಳು, ಇಂದೂಬಾಯಿ ಒಲ್ಲೆ ಅನ್ನದೆಯೇ ಐದು. ಹೃಷೀಕೇಶ ಸೋತ ದುಃಖಕ್ಕೆ ಏಳು ಉಂಡು ಬಸ್ಸಿಗೆ ಓಡಿದ.

ಎಲ್ಲ ಮುಗಿದು, ಎಲೆ ಎತ್ತಿ, ನೆಲ ಒರೆಸಿ, ಗುರುರಾಜರು ಅಡುಗೆಮನೆಯಲ್ಲಿ ಒಬ್ಬರೇ ಕೂತಾಗ ಮೂರು ಗಂಟೆ. ಹೋಳಿಗೆಯ ಡಬ್ಬಿ ಬೋರಲು ಬಿದ್ದಿತ್ತು. ಇದ್ದದ್ದು ತಣ್ಣನೆಯ ಅನ್ನ, ತಳದ ಸಾರು. ಪಡಸಾಲೆಯಲ್ಲಿ ಹೆಂಗಸರಿಬ್ಬರೂ ಮಾಸ್ತರರ ಪುಸ್ತಕವನ್ನು ನಡುವೆ ಇಟ್ಟುಕೊಂಡು ಮೂರನೆಯ ಸಂಚಿಕೆ ಶುರು ಮಾಡಿದ್ದರು.

"ವೈನಿ," ಕಾಶಿಬಾಯಿಯ ದನಿ ಕೇಳಿಸಿತು, "ಮಾಸ್ತರ್ರು ಉಂಡರೋ ಇಲ್ಲೋ?"

"ಅದನ್ನ ಆಮ್ಯಾಲ ಕೇಳೂಣು. ಈಗ ನೀ ಪುಟ ತಿರುವು."