ಮೂರು ಸಲ ನಿಂತಾಳ: ಕಲ್ಯಾಣಪ್ಪನವರ ಗ್ರಾಮಫೋನಿಗೆ ಒಂದು ದೂರು

ಮಾನ್ಯ ಗ್ರಾಮಫೋನ್ ಯಂತ್ರದವರಿಗೆ,
ಕಲ್ಯಾಣಪ್ಪನವರ ಚಹಾದ ಹೋಟೆಲು, ಸ್ಟೇಷನ್ ಎದುರು, ವಾಡಿ.

ಮಾನ್ಯರೇ,

ಸಕ್ಕರೆ ಡಬ್ಬಿಗೂ ಬಿಸ್ಕೀಟಿನ ಬರಣಿಗೂ ನಡುವೆ, ಹಿತ್ತಾಳೆಯ ಕಹಳೆಯನ್ನು ಸ್ಟೇಷನ್ನಿನ ಕಡೆ ತಿರುಗಿಸಿಕೊಂಡು ಹನ್ನೊಂದು ವರ್ಷಗಳಿಂದ ವಿರಾಜಮಾನರಾಗಿರುವ ತಮ್ಮ ಸನ್ನಿಧಿಗೆ, ನೆಲಕ್ಕೆ ಹಾಸುವ ಪರಸಿ ಕಲ್ಲಿನ ಅಡ್ಡೆಯಲ್ಲಿ ಅಳತೆ ಬರೆಯುವ ಕಾಶಪ್ಪ ಕೈಮುಗಿದು ಮಾಡಿಕೊಳ್ಳುವ ಅರಿಕೆ. ತಾವು ಕ್ಷೇಮವೆಂದು ಕೇಳಿ ತಿಳಿಯಬೇಕಾಗಿಲ್ಲ. ಆ ಸುದ್ದಿ ಹಿಂದಿನ ಓಣಿಯ ನಮ್ಮ ಅಡುಗೆಮನೆಗೆ ದಿನಕ್ಕೆ ಆರು ಸಲ ತಾನಾಗಿಯೇ ಬಂದು ಮುಟ್ಟುತ್ತದೆ. ಕ್ಷೇಮವಿಲ್ಲದವರು ನಾವು. ನಮ್ಮ ಮಗಳು ಶರಣಬಸಮ್ಮ ಹಾಡುವುದನ್ನು ಬಿಟ್ಟು ಇಂದಿಗೆ ಇಪ್ಪತ್ತೆರಡು ದಿನ. ಅದಕ್ಕೆ ಕಾರಣ ತಾವು.

ಆಕೆಗೆ ಸಂಗೀತ ಕಲಿಸಲು ನಮ್ಮ ಮನೆಗೆ ಯಾವ ಮಾಸ್ತರರೂ ಬಂದವರಲ್ಲ. ರೊಟ್ಟಿ ಬಡಿಯುತ್ತ, ಖಾರ ಕುಟ್ಟುತ್ತ, ಹಿತ್ತಲ ಕಿಟಕಿಯಿಂದ ತಮ್ಮನ್ನು ಕೇಳಿ ಕಲಿತವಳು ಆಕೆ. ತಮ್ಮ ಬಳಿ ಇರುವ ಒಂಬತ್ತು ರಿಕಾರ್ಡುಗಳಲ್ಲಿ ತತ್ವಪದ ನಮ್ಮ ತಂದೆಯವರಿಗೆ ಮೀಸಲು, ಕವ್ವಾಲಿ ದರ್ಜಿ ಫಕೀರಸಾಬರಿಗೆ. ಅದು ಮುಗಿಯುವ ತನಕ ಅವರು ಹೊಲಿಗೆ ಯಂತ್ರದ ಮೇಲೆ ಕಾಲಿಡುವುದಿಲ್ಲ. ಆದರೆ ನನಗೂ ನನ್ನ ಮಗಳಿಗೂ ಇಡೀ ಓಣಿಗೂ ಜೀವವಾಗಿರುವುದು ಆ ನಾಟಕದ ಹಾಡು: ಬಹಳ ದಿನದ ಮೇಲೆ ತವರಿಗೆ ಬಂದ ಮಗಳ ಹಾಡು. ‘ತವರ ಬಾಗಿಲಿಗೆ ಬಂದು ಮಗಳು ನಿಂತಾಳ’ ಎಂಬಲ್ಲಿಗೆ ಬಂದಾಗ ತಾವು ತೋರಿಸುತ್ತಿದ್ದ ಕರುಣೆಯನ್ನು ನಾನು ಏನೆಂದು ಹೊಗಳಲಿ. ನಿಂತಾಳ, ನಿಂತಾಳ, ನಿಂತಾಳ ಎಂದು ತಾವು ಮೂರು ಸಲ ಹೇಳುವಷ್ಟರಲ್ಲಿ ನಮ್ಮ ಮನೆಯಾಕೆಯ ಕಣ್ಣು ತುಂಬುತ್ತಿತ್ತು.

ಅದು ಕರುಣೆಯಲ್ಲ, ಜಾಲಿಯ ಮುಳ್ಳು ಎಂದು ಈಗ ತಿಳಿದಿದೆ. ಉಕ್ಕಿನ ಸೂಜಿಯ ಡಬ್ಬಿ ತಾವು ಬಂದ ಮೊದಲ ತಿಂಗಳಲ್ಲೇ ತೀರಿದ್ದು, ಅಂದಿನಿಂದ ಕಲ್ಯಾಣಪ್ಪನವರು ಗೂಡ್ಸ್ ಶೆಡ್ಡಿನ ಹಿಂದಿನ ಜಾಲಿಗಿಡದ ಮುಳ್ಳನ್ನೇ ತಮ್ಮ ಬಾಯಿಗೆ ಸಿಕ್ಕಿಸುತ್ತ ಬಂದಿದ್ದಾರಂತೆ. ಕೇಳಿದರೆ, “ಮುಳ್ಳಿನ ಮ್ಯಾಲ ತಪ್ಪು ಹಾಕಬ್ಯಾಡ್ರಿ ಕಾಶಪ್ಪನವರ, ದಿನಾ ಹೊಸಾದೇ ಕಡದು ತರಲಿಕತ್ತೀನಿ” ಎಂದರು. ಆ ಹೊಸ ಮುಳ್ಳುಗಳು, ಅಡ್ಡೆಯಿಂದ ಹಾರಿ ಬರುವ ಕಲ್ಲಿನ ಪುಡಿಯ ಜೊತೆ ಸೇರಿ, ರಿಕಾರ್ಡಿನ ಆ ಜಾಗದಲ್ಲಿ ತಗ್ಗು ತೋಡಿವೆ. ತಾವು ಅದರಲ್ಲಿ ಬಿದ್ದು ಮೂರು ಸಲ ಒದ್ದಾಡುವಿರಿ; ಅಷ್ಟರಲ್ಲಿ ಕಲ್ಯಾಣಪ್ಪನವರು ಕೆಟಲಿ ಕೆಳಗಿಟ್ಟು, ಹೆಗಲ ಟವೆಲಿಗೆ ಕೈ ಒರೆಸಿಕೊಂಡು ಬಂದು, ತಮ್ಮನ್ನು ಎತ್ತಿ ಒಂದು ಬೆರಳು ಮುಂದೆ ಇಡುವರು. ಆಗ ತಾವು ‘ಬಂಡಿ ಏರಿ ಮಗಳು ತಿರುಗಿ ನಡೆದಾಳ’ ಎಂದು ಮುಂದುವರಿಯುವಿರಿ. ಈ ಕರಾರುವಾಕ್ಕುತನ ನನ್ನ ಅಳತೆಪಟ್ಟಿಗೂ ಇಲ್ಲ. ನಾವು ಅದನ್ನೇ ಹಾಡೆಂದು ತಿಳಿದೆವು.

ಕಳೆದ ತಿಂಗಳು ಶರಣಬಸಮ್ಮನಿಗೆ ರೇಡಿಯೋದವರಿಂದ ಧ್ವನಿ ಪರೀಕ್ಷೆಗೆ ಕರೆ ಬಂತು. ಓಣಿಯ ಹೆಂಗಸರು ಬಸ್ಸಿನ ತನಕ ಬಂದು ಕಳಿಸಿದರು. ಗುರುವಿಗೆ ಎಳ್ಳಷ್ಟೂ ದ್ರೋಹ ಮಾಡದೆ ಹಾಡಿದಳು, ಮಾನ್ಯರೇ. ಮೂರು ಸಲ ‘ನಿಂತಾಳ’ ಎಂದಳು. ಆಮೇಲೆ ಕಲ್ಯಾಣಪ್ಪನವರು ಕೆಟಲಿ ಇಟ್ಟು ಕೈ ಒರೆಸಿಕೊಳ್ಳುವಷ್ಟು ಹೊತ್ತು ಸುಮ್ಮನೆ ನಿಂತಳು. ಪರೀಕ್ಷೆಗೆ ಕೂತಿದ್ದ ಹಿರಿಯರು, ಯಾಕಮ್ಮಾ ಮರೆತೆಯಾ ಎಂದು ಕೇಳಿದರಂತೆ. “ಇಲ್ಲರಿ, ಇಲ್ಲಿ ಇಷ್ಟೊತ್ತು ನಿಲ್ಲಬೇಕ್ರಿ. ಹಾಡು ಇರಾದೇ ಹಿಂಗ” ಎಂದು, ನೇರವಾಗಿ ‘ಬಂಡಿ ಏರಿ’ ಸಾಲಿಗೆ ಹೋದಳು ನನ್ನ ಮಗಳು. ಅಲ್ಲಿದ್ದವರೆಲ್ಲ ನಕ್ಕರು. ಹಿರಿಯರು ಮಾತ್ರ ನಗದೆ, ಬಿಟ್ಟುಹೋದ ಸಾಲನ್ನು ಒಂದು ಚೀಟಿಯಲ್ಲಿ ಬರೆದುಕೊಟ್ಟು, ‘ನಿಂತಾಳ’ ಒಂದೇ ಸಲ, ಇದನ್ನು ಕಲಿತು ಮತ್ತೆ ಬಾ ಎಂದರು. ಆಕೆ ಚೀಟಿಯನ್ನು ದೇವರ ಗೂಡಿನಲ್ಲಿಟ್ಟು ಬಾಯಿ ಮುಚ್ಚಿದವಳು ಇನ್ನೂ ತೆರೆದಿಲ್ಲ.

ಆ ಚೀಟಿಯನ್ನು ನಾನು ಓದಿದೆ. ‘ಹಿಟ್ಟಿನ ಕೈಯಲ್ಲೇ ಅವ್ವ ಬಾಗಿಲ ತೆರೆದಾಳ’ ಎಂದಿದೆ. ತಾಯಿ ಬಾಗಿಲು ತೆರೆದಿದ್ದಳು, ಮಾನ್ಯರೇ. ಹನ್ನೊಂದು ವರ್ಷ, ದಿನಕ್ಕೆ ಆರು ಸಲ, ಒಬ್ಬ ಮಗಳನ್ನು ಹೊಸ್ತಿಲ ಹೊರಗೆ ನಿಲ್ಲಿಸಿ ಹಾಗೆಯೇ ಬಂಡಿ ಹತ್ತಿಸಿ ಕಳಿಸಿದ್ದೀರಿ, ನಾವೂ ಚಹಾ ಕುಡಿಯುತ್ತ ಒಪ್ಪಿದ್ದೇವೆ. ಇದಕ್ಕೆ ನನಗೆ ಬಂದಿರುವ ಸಿಟ್ಟು ಈ ಕಾಗದದಲ್ಲಿ ಹಿಡಿಯದು.

ಆದ್ದರಿಂದ ತಾವು ದಯಮಾಡಿ ಬರುವ ಸೋಮವಾರ ಕಹಳೆ ಒರೆಸಿಕೊಂಡು, ಮೊದಲ ಬಸ್ಸಿನಲ್ಲಿ, ಬೇಕಾದರೆ ಕಿಟಕಿಯ ಪಕ್ಕದ ಸೀಟಿನಲ್ಲಿ, ರೇಡಿಯೋದವರಲ್ಲಿಗೆ ಹೋಗಿ, ತಪ್ಪು ಗುರುವಿನದು, ಶಿಷ್ಯೆಯದಲ್ಲ ಎಂದು ತಪ್ಪೊಪ್ಪಿಗೆ ಕೊಡಬೇಕು. ಸಾಕ್ಷಿಗೆ ಮುಳ್ಳನ್ನೂ ಕರೆದೊಯ್ಯಬೇಕು. ಅದಾಗದಿದ್ದರೆ ನನ್ನ ಮಗಳ ಬಾಯಿಯನ್ನಾದರೂ ಒಂದು ಬೆರಳು ಎತ್ತಿ ಮುಂದೆ ಇಡಬೇಕು. ಆ ಕೆಲಸ ನನಗೂ ಆಕೆಯ ತಾಯಿಗೂ ಆಗಲಿಲ್ಲ.

ಕಿಟಕಿಯನ್ನು ಇನ್ನೂ ಮುಚ್ಚದಿರುವ
ತಮ್ಮ ವಿಶ್ವಾಸಿ,
ಕಾಶಪ್ಪ
ವಾಡಿ, 1974

ತಾ.ಕ.: ಈ ಪತ್ರವನ್ನು ಅಂಚೆಪೆಟ್ಟಿಗೆಗೆ ಹಾಕುವ ಮೊದಲೇ ನಿನ್ನೆ ಎದುರುಮನೆಯ ತುಳಜಾಬಾಯಿಯವರ ಮಗಳಿಗೆ ಅರಿಶಿಣ ಹಚ್ಚಿದರು. ಹೆಂಗಸರು ಬಿಡದೆ ಪೀಡಿಸಿದ್ದಕ್ಕೆ ಶರಣಬಸಮ್ಮ ಎದ್ದು ನಿಂತು, ರೇಡಿಯೋದ ಹಿರಿಯರು ಹೇಳಿದಂತೆ ಒಂದೇ ‘ನಿಂತಾಳ’ ಹೇಳಿ ನೆಟ್ಟಗೆ ಮುಂದೆ ಹೋದಳು. ಅರಿಶಿಣದ ಕೈ ಎತ್ತಿ ತುಳಜಾಬಾಯಿ ತಡೆದರು: “ಏ ಶರಣವ್ವಾ, ಎರಡು ನಿಂತಾಳ ನುಂಗಿದಿ ನೋಡು. ಬರೋಬರಿ ಹಾಡು, ಮೊದಲಿಂದ.” ಅಲ್ಲಿ ಹೆಚ್ಚಾಗಿ ನಪಾಸು, ಇಲ್ಲಿ ಕಡಿಮೆಯಾಗಿ ನಪಾಸು. ಹುಡುಗಿ ನಕ್ಕುಬಿಟ್ಟಳು. ಮೊದಲಿಂದ ಹಾಡಿದಳು. ಮೂರು ಸಲ ನಿಲ್ಲಿಸಿದಳು, ಕೆಟಲಿ ಇಡುವಷ್ಟು ಹೊತ್ತು ಸುಮ್ಮನಾದಳು, ಇಡೀ ಚಪ್ಪರ ಆಕೆಯ ಜೊತೆ ಕಾಯಿತು. ಆಮೇಲೆ ಅವ್ವನ ಕೈಯಲ್ಲಿ ಬಾಗಿಲು ತೆರೆಸಿದಳು. ಹೊರಗೆ ನಿಂತಿದ್ದ ನಾನು ಅತ್ತುಬಿಟ್ಟೆ. ಕಲ್ಯಾಣಪ್ಪನವರು ಹೈದರಾಬಾದಿಗೆ ಹೋಗುವವರ ಕೈಯಲ್ಲಿ ಉಕ್ಕಿನ ಸೂಜಿ ತರಿಸುತ್ತಿದ್ದಾರಂತೆ. ಹೊಸ ಸೂಜಿ ಸಿಕ್ಕಿತೆಂದು ತಾವೇನಾದರೂ ನೆಟ್ಟಗೆ ಹಾಡಿಬಿಟ್ಟರೆ, ಎರಡನೆಯ ದೂರು ಬರೆಯಲು ಕಾಗದ ತಂದಿಟ್ಟುಕೊಂಡಿದ್ದೇನೆ.