ಇಪ್ಪತ್ತು ಕಿಲೋ ಸಮುದ್ರ

ಶನಿವಾರ ಸಂಜೆ ಡಾಕ್ಟರ್ ದೇವರೆ ಪ್ರಭಾಕರನ ತೋಳಿಗೆ ಪಟ್ಟಿ ಕಟ್ಟಿ, ಗಾಳಿ ತುಂಬಿ, ಗಾಳಿ ಬಿಟ್ಟು, ಮಾಸ್ಕಿನ ಒಳಗಿನಿಂದಲೇ ಮರಾಠಿಯಲ್ಲಿ ಎರಡು ಮಾತು ಹೇಳಿದರು. ಪ್ರಭಾಕರನ ಕಿವಿಗೆ ಬಿದ್ದದ್ದು ಇಷ್ಟು: ಮನಸ್ಸು ಶಾಂತವಾಗಿರಲಿ, ದಿನಾಲೂ ಮೀನು ನೋಡಿ. ಇನ್ನೊಮ್ಮೆ ಕೇಳೋಣವೆಂದರೆ ಮುಂದಿನ ರೋಗಿ ಆಗಲೇ ಒಳಗೆ ಬಂದು ಅದೇ ಸ್ಟೂಲಿನ ಅರ್ಧದ ಮೇಲೆ ಕುಳಿತಾಗಿತ್ತು. ಪ್ರಭಾಕರ ಉಳಿದರ್ಧದಿಂದ ಎದ್ದು ಬಂದ.

ಪ್ರಭಾಕರ ಸೇಡಂ ಕಡೆಯವನು. ಅಲ್ಲಿಯವರಿಗೆ ಮರಾಠಿಗಿಂತ ತೆಲುಗು ಹತ್ತಿರ. ಹೆಂಡತಿ ನಿರುಪಮಾ ಕೇಂದ್ರ ಸರ್ಕಾರದ ಕಚೇರಿಯೊಂದರಲ್ಲಿ ಎಂಟು ವರ್ಷದಿಂದ ನಾಸಿಕದಲ್ಲೇ ಇದ್ದಳು. ಬ್ಯಾಂಕಿನವರು ಇವನನ್ನು ಯಾದಗಿರಿ, ಸುರಪುರ, ಚಿಂಚೋಳಿ ಎಂದು ಸುತ್ತಾಡಿಸಿ ಕೊನೆಗೆ ಮೂರು ತಿಂಗಳ ಹಿಂದೆ ಅವಳಿದ್ದಲ್ಲಿಗೆ ಕಳಿಸಿದ್ದರು. ಹೀಗಾಗಿ ಅವನ ಮರಾಠಿಗೆ ಮೂರು ತಿಂಗಳ ವಯಸ್ಸು. ಕೂಸು ಇನ್ನೂ ಮಗ್ಗುಲಾಗಲು ಕಲಿಯುವ ಕಾಲ.

"ಮನ್ಯಾಗ ಮೀನಾ?" ನಿರುಪಮಾ ಲಟ್ಟಣಿಗೆ ಕೈಯಲ್ಲಿ ಹಿಡಿದೇ ಕೇಳಿದಳು.

"ತಿನ್ಲಾಕ ಅಲ್ಲ ಮಾರಾಯ್ತಿ, ನೋಡ್ಲಾಕ. ಡಾಕ್ಟರ್ ಹೇಳ್ಯಾರ."

"ಚೀಟ್ಯಾಗ ಗುಳಿಗಿ ಅಷ್ಟೇ ಬರದಾರಲ್ರೀ."

"ಇದು ಬಾಯಿಮಾತಿನ ಔಷಧ."

ಡಾಕ್ಟರ ಹೆಸರು ಬಂದ ಮೇಲೆ ನಿರುಪಮಾ ವಾದಕ್ಕಿಳಿಯಲಿಲ್ಲ. ವಾದಕ್ಕಿಳಿದವರು ಕೆಳಗಿನ ಮನೆಯ ಗುರುಲಿಂಗಪ್ಪನವರು. ಭಾಲ್ಕಿಯವರು, ಮಾಲೇಗಾಂವದ ಸೀರೆಗಳನ್ನು ತಂದು ಮಾರುವ ವ್ಯಾಪಾರಿ. ಕಟ್ಟಡದಲ್ಲಿ ಯಾರು ಏನು ಕೊಳ್ಳಬೇಕಾದರೂ ಎಲ್ಲಿ ಕೊಳ್ಳಬೇಕೆಂಬುದನ್ನು ಅವರೇ ಗೊತ್ತುಮಾಡುವ ರೂಢಿ.

"ನಾಸಿಕದಾಗ ಮೀನಿನ ಅಂಗಡಿ ಇಲ್ಲಂತಲ್ಲ ಪ್ರಭಾಕರರಾವ್, ಅವ. ಆದ್ರ ಅವರ್ಯಾರೂ ನಮ್ಮವರಲ್ಲ. ಸಂಭಾಜಿನಗರದಾಗ ನಮ್ಮ ಸಂಗಮನಾಥ ಇದ್ದಾನ. ನನ್ನ ಸೋದರಮಾವನ ಮಗ."

"ಕೊರಳಾಗ ಲಿಂಗ ಕಟ್ಟಿಕೊಂಡು ಮೀನು ಮಾರ್ತಾರೇನ್ರಿ?"

"ಮಾರ್ತಾನ್ರಿ. ಮುಟ್ಟಂಗಿಲ್ಲ."

ಭಾನುವಾರ ಬೆಳಗಿನ ಆರು ಗಂಟೆಯ ಬಸ್ಸಿಗೆ ಪ್ರಭಾಕರ ಹಣೆಗೆ ವಿಭೂತಿ ಹಚ್ಚಿಕೊಂಡು ಹೊರಟ. ನಿರುಪಮಾ ರೊಟ್ಟಿ ಮತ್ತು ಒಂದು ಡಬ್ಬಿಯ ತುಂಬ ಉಪ್ಪಿನಕಾಯಿ ಕಟ್ಟಿಕೊಟ್ಟಿದ್ದಳು. ನಿಫಾಡ ದಾಟುವುದರೊಳಗೆ ಅದನ್ನು ಮುಗಿಸಿದ. ಯೇವಲಾದಲ್ಲಿ ಕಿಟಕಿಯಿಂದಲೇ ಉಪ್ಪು ಹಚ್ಚಿ ಹುರಿದ ಶೇಂಗಾ ಕೊಂಡ. ಮನಸ್ಸು ಆಗಲೇ ಶಾಂತವಾಗತೊಡಗಿದಂತೆ ಅನಿಸಿತು.

ಸಂಗಮನಾಥನ ಅಂಗಡಿ ಗುಲ್ಮಂಡಿ ಪೇಟೆಯ ಒಳ ಗಲ್ಲಿಯಲ್ಲಿತ್ತು. ಹಣೆಯ ತುಂಬ ವಿಭೂತಿ, ಕೈಯಲ್ಲಿ ಹಸಿರು ಬಲೆ. "ಬರ್ರಿ, ಬರ್ರಿ. ಅಣ್ಣ ರಾತ್ರೀನೇ ಫೋನ್ ಮಾಡಿದ್ದ. ಸಿಹಿನೀರೋ, ಉಪ್ಪುನೀರೋ?"

"ಏನು ಫರಕ್ರಿ?"

ಸಂಗಮನಾಥ ತೋಳು ಹಿಡಿದು ಒಳಕೋಣೆಗೆ ಕರೆದೊಯ್ದ. ಅಲ್ಲಿ ನೀಲಿ ಬೆಳಕಿನ ಗಾಜಿನ ತೊಟ್ಟಿಯೊಂದರಲ್ಲಿ ಬೆರಳುದ್ದದ ಕಿತ್ತಳೆ ಬಣ್ಣದ ಮೀನೊಂದು ಮೈಗೆ ಮೂರು ಬಿಳಿ ಪಟ್ಟಿ ಸುತ್ತಿಕೊಂಡು ಅಲೆಗೆ ತೂಗುತ್ತಿತ್ತು. ಎಲ್ಲಿಗೂ ಹೋಗಬೇಕಾದ ಅವಸರವಿಲ್ಲ. ವರ್ಗಾವಣೆಯ ಭಯವಿಲ್ಲ. ಪ್ರಭಾಕರ ನಿಂತ. ಕಿವಿಯ ಹತ್ತಿರ ಏರಿ ಕುಳಿತಿದ್ದ ಅವನ ಹೆಗಲುಗಳು ನಿಧಾನವಾಗಿ ಕೆಳಗಿಳಿದವು. ಸೋಮವಾರ ಎಂಬ ವಾರವೊಂದಿದೆ ಎಂಬುದೇ ಮರೆತುಹೋಯಿತು. ಕಾಲು ಗಂಟೆಯ ಮೇಲೆ ಸಂಗಮನಾಥ ಕೆಮ್ಮಿದ.

"ಇದ ಬೇಕ್ರಿ," ಎಂದ ಪ್ರಭಾಕರ. ಎಷ್ಟೋ ವರ್ಷಗಳ ಮೇಲೆ ಅವನು ತನಗಾಗಿ ಬೇಕೆಂದು ಕೇಳಿದ ಮೊದಲ ವಸ್ತು ಅದು.

"ಹಂಗಾದ್ರ ಮೊದಲ ಸಮುದ್ರ ತಗೋಬೇಕು."

ಎರಡು ಅಡಿಯ ಗಾಜಿನ ತೊಟ್ಟಿ ಬಂತು. ತೊಟ್ಟಿಗೆ ನೀರು ಬೇಕು; ನಲ್ಲಿಯ ನೀರು ನಡೆಯುವುದಿಲ್ಲ, ಶುದ್ಧ ಮಾಡಿದ ಜಾರ್ ನೀರೇ ಆಗಬೇಕು. ಹಾಗೆ ಶುದ್ಧ ಮಾಡಿ ತಂದ ನೀರಿಗೆ ಉಪ್ಪು ಸುರಿಯಬೇಕು. ಸುರಿದ ಉಪ್ಪು ಹೆಚ್ಚಾಯಿತೋ ಕಮ್ಮಿಯಾಯಿತೋ ನೋಡಲು ಒಂದು ಮಾಪಕ. ನಿಂತ ನೀರು ಸಮುದ್ರವಾಗುವುದಿಲ್ಲವಾದ್ದರಿಂದ ಅಲೆ ಎಬ್ಬಿಸುವ ಪಂಪು. ನಾಸಿಕದ ಚಳಿಗೆ ಹೀಟರ್. ತಳಕ್ಕೆ ಹವಳದ ಮರಳು, ಮೇಲಕ್ಕೆ ನೀಲಿ ದೀಪ. ಮದುವೆಮನೆಯ ಯಾದಿಯಂತೆ ಒಂದು ಸಾಮಾನು ತನ್ನ ಹಿಂದೆ ಇನ್ನೆರಡನ್ನು ಕರೆದುಕೊಂಡು ಬರುತ್ತಿತ್ತು.

"ಮನ್ಯಾಗ ಉಪ್ಪು ಅದಲ್ರಿ," ಎಂದು ಪ್ರಭಾಕರ ಒಮ್ಮೆ ತಡೆಯಲು ನೋಡಿದ.

"ಅದು ಸಾರಿನ ಉಪ್ಪು. ಇದು ಸಮುದ್ರದ್ದು. ಸಣ್ಣ ಪುಡಿಕೆ ಬರಂಗಿಲ್ಲ. ಇಪ್ಪತ್ತು ಕಿಲೋ ಬಕೆಟ್ಟೇ."

ಕೊನೆಗೆ ಸಂಗಮನಾಥ ತೊಟ್ಟಿಯೊಂದರಿಂದ ತೂತು ತೂತಾದ ನಾಲ್ಕು ಕಲ್ಲುಗಳನ್ನು ಎತ್ತಿ ಒದ್ದೆ ಪೇಪರಿನಲ್ಲಿ ಸುತ್ತಿದ. "ಇವು ಜೀವಂತ ಕಲ್ಲು. ಒಣಗಿಸಬ್ಯಾಡ್ರಿ, ಸಾಯ್ತಾವ."

ಸಾಯುವ ಕಲ್ಲನ್ನು ಪ್ರಭಾಕರ ಮೊದಲ ಸಲ ಕಂಡಿದ್ದ. ಗೌರವದಿಂದಲೇ ಎರಡೂ ಕೈಚಾಚಿ ತೆಗೆದುಕೊಂಡ. "ಇನ್ನ ಆ ಮೀನು ಕಟ್ಟಿಕೊಡ್ರಿ. ಒಂದು ಗಂಟೆ ಬಸ್ಸು ಅದ."

"ಮೀನು ಈಗಲ್ರಿ."

"ಮತ್ತ?"

"ಒಂದು ತಿಂಗಳು ಬಿಟ್ಟು. ನೀರು ಹದಕ್ಕೆ ಬರಬೇಕಲ್ರಿ. ಈಗ ಬಿಟ್ರ ಸಂಜಿಗೆ ತೇಲ್ತದ."

"ಅಲ್ಲೀತನಾ ನನ್ನ ಬಿಪಿ?"

ಸಂಗಮನಾಥ ಯೋಚಿಸಿ, "ಕಲ್ಲು ನೋಡ್ರಿ," ಎಂದ.

ಮರಳುವ ಬಸ್ಸಿನಲ್ಲಿ ಉಪ್ಪಿನ ಬಕೆಟ್ಟು ಸೀಟಿನ ಕೆಳಗೆ, ಮರಳಿನ ಚೀಲ ಕಾಲ ಮೇಲೆ, ತೊಟ್ಟಿ ತೊಡೆಯ ಮೇಲೆ, ತೊಟ್ಟಿಯೊಳಗೆ ಕಲ್ಲು. ಊರು ದಾಟುವಾಗಲೇ ಕಲ್ಲುಗಳು ತಾವು ಜೀವಂತವಿರುವುದನ್ನು ವಾಸನೆಯ ಮೂಲಕ ತಿಳಿಸತೊಡಗಿದವು. ವೈಜಾಪುರ ಬರುವಷ್ಟರಲ್ಲಿ ಸುತ್ತಲಿನ ಮೂರು ಸೀಟು ಖಾಲಿಯಾಗಿದ್ದವು. ಮುಂದಿನ ಸೀಟಿನ ಮುದುಕಿಯೊಬ್ಬಳು ಮಾತ್ರ ತಿರುಗಿ ಕುಳಿತು, ಅವನ ಹಣೆಯ ವಿಭೂತಿಯನ್ನೂ ತೊಡೆಯ ಮೇಲಿನ ಪೇಪರನ್ನೂ ಮತ್ತೆ ಮತ್ತೆ ನೋಡಿ, ಒಣಮೀನನ್ನು ಎಲ್ಲಿ ಕೊಂಡಿರಿ, ಇಷ್ಟು ಘಮ ನಮ್ಮೂರಿನದಕ್ಕಿಲ್ಲ ಎಂದು ಅಕ್ಕರೆಯಿಂದ ವಿಚಾರಿಸಿದಳು. ಅವಳ ಮಾತಿನ ಕೈಸನ್ನೆಯಷ್ಟೇ ಪ್ರಭಾಕರನಿಗೆ ಅರ್ಥವಾಯಿತು. "ಪತ್ಥರ್ ಹೈ, ಮಾಜಿ," ಎಂದ. ಕಲ್ಲನ್ನೂ ಬಿಡದೆ ತಿನ್ನುವ ಮನುಷ್ಯನೆಂದು ಅವಳು ಕೈ ಮುಗಿದು ಮುಂದೆ ತಿರುಗಿದಳು.

ಐದೂಕಾಲಿಗೆ ಆಟೋ ಮನೆಯ ಮುಂದೆ ನಿಂತಾಗ ಗೇಟಿನಲ್ಲಿ ಹತ್ತು ಹನ್ನೆರಡು ಜನ. ಸಮುದ್ರ ಬರುತ್ತಿದೆ ಎಂದು ಗುರುಲಿಂಗಪ್ಪನವರು ಎಲ್ಲ ಮಹಡಿಗಳಿಗೂ ಹೇಳಿ ಬಂದಿದ್ದರು. ಸಂಗಮನಾಥ ಫೋನಿನಲ್ಲಿ ತಿಳಿಸಿದಂತೆ ನಾಲ್ಕು ಜಾರ್ ನೀರನ್ನೂ ತರಿಸಿ ಮೇಲೆ ಸಾಗಿಸಿದ್ದರು. ಅವರ ಹೆಂಡತಿ ರುಕ್ಮಿಣಿಬಾಯಿ ಆರತಿ ತಟ್ಟೆ ಹಿಡಿದಿದ್ದರು.

"ಎಲ್ಲಿ ಅದಾವ್ರಿ ಮೀನು?"

"ಮುಂದಿನ ತಿಂಗಳು ಬರ್ತಾವ್ರಿ."

ರುಕ್ಮಿಣಿಬಾಯಿ, ಹಚ್ಚಿದ ಆರತಿ ವ್ಯರ್ಥವಾಗಬಾರದೆಂದು ಬಕೆಟ್ಟಿಗೇ ಬೆಳಗಿದರು.

ಮೂರನೆಯ ಮಹಡಿಯ ಪಡಸಾಲೆಯಲ್ಲಿ ಕೆಲಸ ಶುರುವಾಯಿತು. ಒಬ್ಬರು ಮರಳು ತೊಳೆದರು, ಒಬ್ಬರು ವೈರು ಎಳೆದರು, ಏಳು ಜನ ಸಲಹೆ ಕೊಟ್ಟರು. ನೀರು ತುಂಬಿತು. ಪ್ರಭಾಕರ ಬಕೆಟ್ಟಿನ ಮುಚ್ಚಳ ತೆಗೆದು ಮೊದಲ ಬೊಗಸೆ ಎತ್ತಿದ. ಪಕ್ಕದಲ್ಲಿ ಮಗಳು ಶರ್ವಾಣಿ ಬಗ್ಗಿ ನೋಡಿದಳು. ಹನ್ನೆರಡು ವರ್ಷದ ಹುಡುಗಿ. ಕನ್ನಡ ಕೇಳಿದರೆ ಎಲ್ಲ ತಿಳಿಯುತ್ತಿತ್ತು, ಆಡುವಾಗ ನಾಲಿಗೆ ಮರಾಠಿಗೆ ಹೊರಳುತ್ತಿತ್ತು.

"ಬಾಪ್ ರೇ! ಇತಕ ಮೀಠ?"

"ಮೀನು ಇನ್ನೂ ಇಲ್ಲವ್ವ, ಬರೋ ತಿಂಗಳು."

"ಮೀನ್ ನಾಹೀ ಅಪ್ಪಾ, ಮೀಠ. ಮೀಠ ಅಂದ್ರ ಉಪ್ಪು."

ಪ್ರಭಾಕರನ ಬೊಗಸೆ ತೊಟ್ಟಿಯ ಮೇಲೆ ಹಾಗೇ ನಿಂತಿತು. ಬೆರಳ ಸಂದಿಯಿಂದ ಉಪ್ಪು ಸಣ್ಣಗೆ ಸುರಿಯುತ್ತಿತ್ತು.

"ಮತ್ತ ಮೀನಿಗೆ ಮರಾಠ್ಯಾಗ ಏನಂತಾರ?"

"ಮಾಸಾ."

"ರೋಜ್ ಮೀಠ ಬಘಾ ಅಂದ್ರ?"

"ದಿನಾ ಉಪ್ಪು ನೋಡ್ಕೋರಿ. ಮತಲಬ್, ಕಮ್ಮಿ ತಿನ್ರಿ. ಕೋಣ್ ಬೋಲಲಾ? ಯಾರು ಹೇಳಿದ್ರು?"

ಯಾರು ಹೇಳಿದರೆಂದು ಹೇಳಬೇಕಾಗಲಿಲ್ಲ. ನಿರುಪಮಾ ಅಡಿಗೆಮನೆಯ ಬಾಗಿಲಲ್ಲಿ ನಿಂತು ಗಂಡನ ಮುಖವನ್ನೇ ನೋಡುತ್ತಿದ್ದಳು. ರುಕ್ಮಿಣಿಬಾಯಿಯವರ ದನಿ ಕೇಳಿತು. "ಅಯ್ಯ ಶಿವನ! ಉಪ್ಪು ಬಿಡ್ರಿ ಅಂದ್ರ ಇಪ್ಪತ್ತು ಕಿಲೋ ಉಪ್ಪು ತಂದಾರಲ್ಲವ್ವ!"

ನಿರುಪಮಾ ಡಾಕ್ಟರಿಗೆ ಫೋನ್ ಹಚ್ಚಿ, ನಡೆದದ್ದನ್ನು ಸ್ವಚ್ಛ ಮರಾಠಿಯಲ್ಲಿ ಹೇಳಿದಳು. ಡಾಕ್ಟರ್ ದೇವರೆ ನಕ್ಕದ್ದು ಫೋನಿನಿಂದ ನಾಲ್ಕು ಹೆಜ್ಜೆ ದೂರ ನಿಂತವರಿಗೂ ಕೇಳಿಸಿತು. ಮೀನಿನಿಂದ ಕೆಡುಕೇನೂ ಇಲ್ಲ, ಆದರೆ ಉಪ್ಪು ಮಾತ್ರ ಇಂದಿನಿಂದಲೇ ಕಮ್ಮಿ ಮಾಡಿ ಎಂದರು. ನಿರುಪಮಾ ಒಳಗೆ ಹೋದಳು. ಉಪ್ಪಿನಕಾಯಿಯ ಭರಣಿಗಳು ಒಂದರ ಹಿಂದೊಂದು ಅಟ್ಟವೇರುವ ಸದ್ದನ್ನು ಪ್ರಭಾಕರ ಎಣಿಸುತ್ತ ಕುಳಿತ.

"ನಾಳೆ ಎಲ್ಲಾ ತಿರುಗಿ ಕೊಟ್ಟು ಬರ್ರಿ," ಎಂದು ಒಳಗಿನಿಂದ ಅಪ್ಪಣೆಯಾಯಿತು.

ಗುರುಲಿಂಗಪ್ಪನವರು ಕೂಡಲೇ ಸಂಗಮನಾಥನನ್ನು ಫೋನಿನಲ್ಲಿ ಕೇಳಿ ವಿಷಯ ತಿಳಿಸಿದರು. "ಮರಳು ತೊಳದ ಮ್ಯಾಲ ವಾಪಸ್ ಇಲ್ಲಂತ್ರಿ. ನಮ್ಮವನ ಆದ್ರೂ ವ್ಯಾಪಾರ ವ್ಯಾಪಾರನ."

ಹೀಗೆ ಬೇರೆ ದಾರಿ ಇಲ್ಲದೆ ಸಮುದ್ರ ತಯಾರಾಯಿತು. ಉಪ್ಪು ಕರಗಿತು, ಮಾಪಕದ ಮುಳ್ಳು ಹಸಿರು ಗೆರೆಗೆ ಬಂತು, ಕಲ್ಲುಗಳು ನೀರಿಗಿಳಿದವು. ಶರ್ವಾಣಿ ದೀಪದ ಗುಂಡಿ ಒತ್ತಿದಳು.

ನೀಲಿ ಬೆಳಕು ಮರಳಿನ ಮೇಲೆ ಜಾಲರಿ ನೇಯುತ್ತಿತ್ತು. ಪಂಪು ಬೆಕ್ಕಿನಂತೆ ಗುರುಗುಟ್ಟುತ್ತಿತ್ತು. ಸ್ವಲ್ಪ ಹೊತ್ತಿನ ಮೇಲೆ ಕಲ್ಲಿನ ತೂತೊಂದರಿಂದ ಉಗುರಿನಷ್ಟು ಸಣ್ಣ ಶಂಖದ ಹುಳು ಹೊರಬಂದು, ಹೊಸ ಊರನ್ನು ಅತ್ತಿತ್ತ ನೋಡಿ, ಮೆಲ್ಲಗೆ ಗಾಜನ್ನು ಹತ್ತತೊಡಗಿತು. "ಬಂತು, ಬಂತು!" ಎಂದು ರುಕ್ಮಿಣಿಬಾಯಿ ಪಿಸುಗುಟ್ಟಿದರು. ಹದಿಮೂರು ಜನ ಉಸಿರು ಬಿಗಿಹಿಡಿದು ಒಂದು ಹುಳು ನಡೆಯುವುದನ್ನು ನೋಡಿದರು. ಎರಡು ವರ್ಷದಿಂದ ನಿದ್ದೆ ಬರುವುದಿಲ್ಲವೆಂದು ಎಲ್ಲರ ನಿದ್ದೆ ಕೆಡಿಸುತ್ತಿದ್ದ ಗುರುಲಿಂಗಪ್ಪನವರು ಪ್ರಭಾಕರನ ಆರಾಮಕುರ್ಚಿಯಲ್ಲಿ ಬಾಯಿ ತೆರೆದು ಗೊರಕೆ ಹೊಡೆಯುತ್ತಿದ್ದರು.

ಪ್ರಭಾಕರನಿಗೂ ಕುಳಿತು ನೋಡುವ ಆಸೆಯಾಯಿತು. ಕುರ್ಚಿಗಳೆಲ್ಲ ತುಂಬಿದ್ದವು. ಮಂಚದ ಮೇಲೆ ಐವರು. ಚಾಪೆಯಲ್ಲೂ ಸಂದಿಲ್ಲ. ಗೋಡೆಗೊರಗಿ ನಿಂತು ಕತ್ತು ಚಾಚಿದ. ರುಕ್ಮಿಣಿಬಾಯಿಯವರ ತುರುಬಿನ ಅಂಚಿನಲ್ಲಿ ಒಂದು ಕಲ್ಲಿನ ಮೂಲೆ ಕಂಡಿತು. ಅಷ್ಟಕ್ಕೇ ಹೆಗಲು ಸ್ವಲ್ಪ ಇಳಿಯಿತೆನ್ನಬೇಕು.

ಆಗ ಬಾಗಿಲ ಗಂಟೆ ಬಡಿಯಿತು.

ಹೊರಗೆ ಗಾಂಧಿ ಟೋಪಿಯ ಅಪರಿಚಿತ ಹಿರಿಯರೊಬ್ಬರು, ಪಕ್ಕದಲ್ಲಿ ಅವರ ಹೆಂಡತಿ. ನಮಸ್ಕಾರ ಮಾಡಿ ಒಂದು ಚೀಟಿ ಚಾಚಿದರು. ಡಾಕ್ಟರ್ ದೇವರೆಯವರ ಹೆಸರು ಅಚ್ಚಾದ ಚೀಟಿ. ಪ್ರಭಾಕರ ಈ ಸಲ ತನ್ನ ಕಣ್ಣನ್ನೂ ಕಿವಿಯನ್ನೂ ನಂಬದೆ ಮಗಳನ್ನು ಕರೆದ. "ಒಂದೊಂದ ಅಕ್ಷರ ಬಿಡಿಸಿ ಓದವ್ವ."

ಶರ್ವಾಣಿ ಬೆರಳಿಟ್ಟು ಓದಿ, ಕನ್ನಡಕ್ಕೆ ತಂದಳು. "ಬಿಪಿ ಗುಳಿಗಿ, ದಿನಾ ಒಂದು. ಮೀನು ನೋಡೋದು, ದಿನಾ ಅರ್ಧಾ ತಾಸು. ಕುಠೆ ಅಂದ್ರ, ಎಲ್ಲಿ ಅಂದ್ರ, ಪ್ರಭಾಕರ ಅವರ ಮನಿ, ತಿಸರಾ ಮಜಲಾ, ಮೂರನೇ ಮಹಡಿ."

"ಮೀನು ಅಂತನ ಅದ ಏನು?"

"ಮಾಸೆ ಅಂತ ಅದ ಅಪ್ಪಾ. ಈ ಸಲ ಮೀನೇ."

ಹಿರಿಯರು ಆಗಲೇ ಚಪ್ಪಲಿ ಬಿಟ್ಟು ಒಳಗೆ ಬಂದು ತೊಟ್ಟಿಯನ್ನು ನೋಡುತ್ತಿದ್ದರು. ಮೀನೆಲ್ಲಿ ಎಂದು ಕೇಳಿದರು. ಪ್ರಭಾಕರ ಬೆರಳೊಂದನ್ನು ಎತ್ತಿ, "ಏಕ ಮಹಿನಾ," ಎಂದ. ಅಡ್ಡಿಯಿಲ್ಲ, ಅಲ್ಲಿಯವರೆಗೆ ಕಾಯುತ್ತೇವೆ ಎಂದು ಅವರು ಹೆಂಡತಿಯೊಡನೆ ಗುರುಲಿಂಗಪ್ಪನವರ ಕಾಲ ಬಳಿ ಸ್ಥಳ ಮಾಡಿಕೊಂಡು ಕುಳಿತರು. ಕುಳಿತವರು ತಲೆಯೆತ್ತಿ, ಬೆಳಕಿಗೆ ಅಡ್ಡ ನಿಂತ ಪ್ರಭಾಕರನಿಗೆ ಕೈಯಿಂದ ಸನ್ನೆ ಮಾಡಿದರು. "ಭಾವು, ಜರಾ ಬಾಜೂಲಾ."

ಅಷ್ಟು ಮರಾಠಿ ಅವನಿಗೆ ತಿಳಿಯಿತು. ಪಕ್ಕಕ್ಕೆ ಸರಿದ.

"ರೀ," ಅಡಿಗೆಮನೆಯಿಂದ ನಿರುಪಮಾ ಕೂಗಿದಳು. "ಸುಮ್ಮ ನಿಂತೀರೇನು? ಹದಿನೈದು ಮಂದಿ ಆದ್ರು. ಚಹಾಕ್ಕ ಹಾಲಿಲ್ಲ, ಓಡಿ ತಗೊಂಡು ಬರ್ರಿ."

ಪ್ರಭಾಕರ ಚೀಲ ಹಿಡಿದು ಮೆಟ್ಟಿಲಿಳಿದ. ಎರಡನೆಯ ಮಹಡಿಯ ತಿರುವಿನಲ್ಲಿ ಏದುಸಿರು ಬಿಡುತ್ತ ಹತ್ತಿ ಬರುತ್ತಿದ್ದ ದಪ್ಪ ಮನುಷ್ಯನೊಬ್ಬ, ಕೈಯಲ್ಲಿ ಅಂಥದೇ ಚೀಟಿ ಹಿಡಿದು, ಮೀನಿನ ಸಾಹೇಬರ ಮನೆ ಯಾವುದೆಂದು ಹಿಂದಿಯಲ್ಲಿ ಕೇಳಿದ.

"ಊಪರ್ ಜಾಯಿಯೇ," ಎಂದು ಪ್ರಭಾಕರ ಗೋಡೆಗೆ ಒತ್ತಿ ನಿಂತು ದಾರಿ ಬಿಟ್ಟ. "ಚಪ್ಪಲಿ ಭಾಳ ಇರೋ ಬಾಗಿಲು."