ಕೊನೆಯ ಹದಿನಾರು ಪುಟಗಳು

ಅಕ್ಕ: ಓದದೇ ಮಾತಾಡಬೇಡ ಕಣೇ! ಕೊನೆಗೆ ಅವನು ಬದಲಾಗ್ತಾನೆ!

ತಂಗಿ: ಓದದೇ ಮಾತಾಡ್ತಿರೋದು ನೀನು! ಕೊನೆಗೆ ಅವಳು ಅವನನ್ನ ಬಿಟ್ಟು ಹೋಗ್ತಾಳೆ!

(ಬಾಡಿಗೆಗೆ ಪುಸ್ತಕ ಕೊಡುವ ಅಂಗಡಿ. ಇರುವುದೊಂದೇ ಕೋಣೆ, ಗೋಡೆಗಳೆಲ್ಲ ಕಾದಂಬರಿ. ಅಕ್ಕ ಶಾಲೆಯಲ್ಲಿ ಮೇಡಂ, ತಂಗಿ ಆಸ್ಪತ್ರೆಯಲ್ಲಿ ನರ್ಸು. ಇಬ್ಬರೂ ಕೆಲಸ ಮುಗಿಸಿ ನೇರ ಇಲ್ಲಿಗೇ ಬಂದವರು. ಮೇಜಿನಾಚೆ ಕೂತವನು ಅಂಗಡಿಯ ಮಾಲೀಕ. ಪುಸ್ತಕ ಕೊಡುವವನೂ ಅವನೇ, ಹರಿದರೆ ಹೊಲಿದು, ಅಂಟಿಸಿ, ಬೈಂಡು ಕಟ್ಟುವವನೂ ಅವನೇ. ಆದ್ದರಿಂದ ಎಲ್ಲರ ಬಾಯಲ್ಲೂ ಗೋಂದಣ್ಣ.

ಜಗಳ ಒಂದು ಪ್ರೇಮ ಕಾದಂಬರಿಯದು. ಮುಖಪುಟದ ಮೇಲೆ ‘ಇಂದಿನ ಯುವಜನಾಂಗದ ದಿಟ್ಟ ಕಥೆ’ ಎಂದು ಅಚ್ಚಾಗಿದೆ. ಆ ‘ಇಂದು’ ಮುಗಿದು ಮೂವತ್ತು ವರ್ಷವಾಯಿತು, ಯುವಜನಾಂಗಕ್ಕೆ ಮಂಡಿನೋವು ಬಂದಿದೆ. ಅದೇ ಪುಸ್ತಕ ಈಗ ಅಕ್ಕನ ಮಗಳ ಕೈಯಲ್ಲಿದೆ. ಅವಳು ಮೂಲೆಯ ಸ್ಟೂಲಿನ ಮೇಲೆ ಕೂತಿದ್ದಾಳೆ. ಭಾನುವಾರ ಹುಡುಗನ ಮನೆಯವರು ಮದುವೆಯ ಮಾತು ಮುಗಿಸಲು ಬರುತ್ತಾರೆ. ಅಷ್ಟರೊಳಗೆ ಅವಳು ಹೂಂ ಅನ್ನಬೇಕು. ಹೂಂ ಅನ್ನಿಸಲು ಅಕ್ಕ ಕಂಡುಕೊಂಡ ಔಷಧ ಈ ಕಾದಂಬರಿ.)

ತಂಗಿ: ಬಸ್‌ಸ್ಟ್ಯಾಂಡಲ್ಲಿ ಹುಡುಗಿಯ ಫೋನ್ ಕಿತ್ಕೊಂಡು ನೆಲಕ್ಕೆ ಅಪ್ಪಳಿಸಿದ ಪುಣ್ಯಾತ್ಮನಿಗೆ ಹೂಂ ಅನ್ನೋಕೆ ಕಾದಂಬರಿ ಬೇರೆ ಓದಿಸ್ತೀಯಾ?

ಅಕ್ಕ: ಇವಳು ಆಫೀಸಿನ ಹುಡುಗನ ಜೊತೆ ಫೋನಲ್ಲಿ ನಗ್ತಿದ್ದಳಂತೆ. ಅವನಿಗೆ ತಡೀಲಿಲ್ಲ. ಪ್ರೀತಿ ಇಲ್ಲದೋರಿಗೆ ಅಷ್ಟು ಸಿಟ್ಟು ಬರುತ್ತಾ?

ತಂಗಿ: ಹಂಗಾದ್ರೆ ನಮ್ಮ ಆಸ್ಪತ್ರೆ ವಾಚ್‌ಮನ್ ನನ್ನನ್ನ ದಿನಾ ಪ್ರೀತಿಸ್ತಾನೆ. ಸ್ಕೂಟರ್ ಗೇಟಿಗೆ ಅಡ್ಡ ನಿಲ್ಲಿಸಿದ್ರೆ ಸಾಕು, ಉಕ್ಕಿ ಹರಿಯುತ್ತೆ ಪ್ರೀತಿ!

ಗೋಂದಣ್ಣ: ಅಮ್ಮಾ, ಇಬ್ಬರೂ ಸ್ವಲ್ಪ ಸಮಾಧಾನ. ಈ ಪುಸ್ತಕದ ಹಣೆಬರಹಾನೇ ಹಿಂಗೆ. ಮೊದಲಿಂದಲೂ ಓದುಗರಲ್ಲಿ ಎರಡು ಪಕ್ಷ. ಅರ್ಧ ಜನ ಮೂಗು ಒರೆಸ್ಕೊಂಡು ವಾಪಸ್ ಕೊಡ್ತಾರೆ, ಅರ್ಧ ಜನ ಇದೇ ಮೇಜಿನ ಮೇಲೆ ಎಸೀತಾರೆ. ದೊಡ್ಡ ಕೃತಿ ಅಂದ್ರೆ ಹಂಗಿರಬೇಕು.

ಅಕ್ಕ: ದೊಡ್ಡ ಕೃತಿನೇ ಮತ್ತೆ. ಆ ಕೆನ್ನೆಗೆ ಹೊಡೆಯೋ ಜಾಗ ಒಂದು ಸಾಕು. (ಕಣ್ಣು ಮುಚ್ಚಿ) “ಅವನ ಐದು ಬೆರಳು ಅವಳ ಕೆನ್ನೆಯ ಮೇಲೆ ಐದು ದಳದ ಹೂವಾಗಿ ಅರಳಿದವು.” ಆಹಾ! ಈಗ ಯಾರು ಬರೀತಾರೆ ಹೀಗೆ?

ತಂಗಿ: ಈಗ ಬರೆದ್ರೆ ಎಫ್‌ಐಆರ್ ಅಂತಾರೆ. ನಮ್ಮ ವಾರ್ಡಿಗೆ ಅಂಥ ಹೂವು ವಾರಕ್ಕೆರಡು ಬರುತ್ತೆ ಅಕ್ಕಾ. ನಾವು ಅದಕ್ಕೆ ಬಾವು ಅಂತೀವಿ. ಐಸ್ ಇಡ್ತೀವಿ.

ಅಕ್ಕ: ನಿನಗೆ ಸಾಹಿತ್ಯ ಹತ್ತಲ್ಲ ಬಿಡು.

ತಂಗಿ: ನಿನ್ನ ಕ್ಲಾಸಲ್ಲಿ ಒಬ್ಬ ಹುಡುಗ ಪಕ್ಕದ ಹುಡುಗಿಗೆ ಹೊಡೆದ್ರೆ ಹೂವು ಅರಳ್ತು ಅಂತ ಚಪ್ಪಾಳೆ ಹೊಡೆಸ್ತೀಯಾ?

ಅಕ್ಕ: ಅದು ಹೇಗಾಗುತ್ತೆ? ಬೆಂಚಿನ ಮೇಲೆ ನಿಲ್ಲಿಸ್ತೀನಿ.

ತಂಗಿ: ಮೀಸೆ ಬಂದ ಮೇಲೆ ಅವನನ್ನೇ ಬೆಂಚಿಂದ ಇಳಿಸಿ, ಬನ್ನಿ ಅಳಿಯಂದಿರೇ ಅಂತ ಕುರ್ಚಿ ಹಾಕ್ತೀಯಾ!

ಗೋಂದಣ್ಣ: ಒಂದು ಮಾತು. ಆ ಕಾಲಕ್ಕೆ ಇದು ಮಾಡರ್ನ್ ಪುಸ್ತಕ ಅಮ್ಮಾ. ನಾಯಕಿಗೆ ಟೈಪಿಂಗ್ ಬರುತ್ತೆ. ಹೋಟೆಲಿಗೆ ಒಬ್ಬಳೇ ಹೋಗಿ ಕಾಫಿ ಕುಡೀತಾಳೆ. ಸಾಮಾನ್ಯ ಧೈರ್ಯನಾ?

ತಂಗಿ: ಆ ಕಾಫಿಗೇ ತಾನೆ ಕೆನ್ನೆಗೆ ಬಿದ್ದಿದ್ದು?

ಗೋಂದಣ್ಣ: ಹೌದು. ಆದ್ರೆ ಕಾಫಿ ಪೂರ್ತಿ ಕುಡಿಯೋಕೆ ಬಿಟ್ಟ. ಅದೇ ಮಾಡರ್ನ್.

ಅಕ್ಕ: ನೀವಿಬ್ಬರೂ ನಡುವೆ ನಿಂತು ಕೂಗ್ತಿದ್ದೀರಿ. ಕೊನೆ ನೋಡಬೇಕು. ಕೊನೇ ಪುಟದಲ್ಲಿ ನಾಯಕ, ಅಷ್ಟು ದೊಡ್ಡ ಡಾಕ್ಟರು, ಗಳಗಳ ಅಳ್ತಾನೆ. “ಇನ್ನೆಂದೂ ಕೈ ಎತ್ತಲಾರೆ” ಅಂತಾನೆ. ಅವಳು ಕೆಲಸದ ರಾಜೀನಾಮೆಗೆ ನಗ್ತಾ ನಗ್ತಾ ಸಹಿ ಹಾಕ್ತಾಳೆ. ಮುಗೀತು.

ತಂಗಿ: ಯಾವ ರಾಜೀನಾಮೆ? ಅವಳು ಪೆಟ್ಟಿಗೆ ಹಿಡ್ಕೊಂಡು ರೈಲು ಹತ್ತುತ್ತಾಳೆ! ಅವನು ಪ್ಲಾಟ್‌ಫಾರ್ಮ್ ತುಂಬಾ ಓಡ್ತಾನೆ. ಅವಳು ತಿರುಗಿ ಕೂಡ ನೋಡಲ್ಲ. ಕಪ್ಪು ನಾಯಿ ಬೊಗಳುತ್ತೆ. ಮುಗೀತು.

ಅಕ್ಕ: ನಾಯಿನಾ? ಆ ಪುಸ್ತಕದಲ್ಲಿ ಎಲ್ಲಿದೆ ನಾಯಿ?

ಗೋಂದಣ್ಣ: ಇದೆ ಇದೆ! ಕಾಲೇಜಿನ ಮೇಷ್ಟ್ರೊಬ್ಬರು ಆ ನಾಯಿ ಮೇಲೇ ಒಂದು ದೊಡ್ಡ ಭಾಷಣ ಮಾಡಿದ್ರು. ಅದು ನಾಯಿ ಅಲ್ಲವಂತೆ ಅಮ್ಮಾ, ಪುರುಷಪ್ರಧಾನ ಸಮಾಜದ ಅಂತಃಸಾಕ್ಷಿಯಂತೆ.

ಅಕ್ಕ: ಇಷ್ಟು ಸಲ ಓದಿದ್ದೀನಿ, ಅಂತಃಸಾಕ್ಷಿ ಒಂದು ಸಲಾನೂ ಬೊಗಳಲಿಲ್ಲವಲ್ಲ ನನಗೆ?

ತಂಗಿ: ನೀಲಿ ಬೈಂಡಿನ ಪುಸ್ತಕ ತೆಗೀರಿ ಗೋಂದಣ್ಣ. ತೋರಿಸಿಯೇ ಬಿಡೋಣ.

ಅಕ್ಕ: ನೀಲಿ ಯಾಕೆ? ಕಂದು ಬೈಂಡಿಂದಲ್ವಾ ಅದು?

(ಗೋಂದಣ್ಣ ನೀಲಿಯನ್ನು ಕಪಾಟಿನಿಂದ ಇಳಿಸಿದ. ಕಂದು ಪ್ರತಿ ಹುಡುಗಿಯ ಮಡಿಲಿನಲ್ಲಿ ಮುಚ್ಚಿ ಕೂತಿತ್ತು. ಕೇಳಿದ ಕೂಡಲೇ ಕೊಟ್ಟುಬಿಟ್ಟಳು. ಎರಡನ್ನೂ ಪಕ್ಕಪಕ್ಕ ಇಟ್ಟು ಹಾಳೆ ತಿರುವಿದರು. ಮೊದಲಿಂದ ಅವಳಿ ಮಕ್ಕಳಂತೆ ಬಂದ ಪುಸ್ತಕಗಳು ಕೊನೆಯ ಹದಿನಾರು ಪುಟಗಳಲ್ಲಿ ದಾರಿ ಬೇರೆ ಮಾಡಿಕೊಂಡಿದ್ದವು. ಕಂದಿನಲ್ಲಿ ಕಣ್ಣೀರು, ರಾಜೀನಾಮೆ. ನೀಲಿಯಲ್ಲಿ ರೈಲು, ನಾಯಿ.)

ಅಕ್ಕ: ಈ ನೀಲಿಯಲ್ಲಿ ಕೊನೆಗೆ ಅಕ್ಷರಾನೇ ಬೇರೆ ಇದೆಯಲ್ರೀ! ಪುಟದ ನಂಬರು ನೋಡಿ, ಮುಂದೆ ಹೋಗೋ ಬದಲು ಹಿಂದಕ್ಕೆ ಹೋಗಿದೆ!

ತಂಗಿ: ಅದು... ಫ್ಲ್ಯಾಶ್‌ಬ್ಯಾಕ್ ಅಂದ್ಕೊಂಡಿದ್ದೆ.

ಅಕ್ಕ: ಡಾಕ್ಟರು ಪೊಲೀಸ್ ಯೂನಿಫಾರಂ ಹಾಕ್ಕೊಂಡು ಓಡ್ತಿದ್ದಾನಲ್ಲೇ?

ತಂಗಿ: ಪಶ್ಚಾತ್ತಾಪ ಆಗಿ ಕೆಲಸ ಬದಲಾಯಿಸಿದ್ದಾನೆ ಅಂದ್ಕೊಂಡೆ. ಹೆಸರು ಎಲ್ಲಿದೆ ನೋಡು? ಬರೀ ‘ಅವನು’, ‘ಅವಳು’. ನನಗೆ ಹೇಗೆ ಗೊತ್ತಾಗಬೇಕು?

(ಇಬ್ಬರೂ ಗೋಂದಣ್ಣನ ಕಡೆ ತಿರುಗಿದರು. ಅವನು ಆ ಹೊತ್ತಿಗೆ ಸರಿಯಾಗಿ ಒಂದು ಕುಂಚವನ್ನು ಬಹಳ ಶ್ರದ್ಧೆಯಿಂದ ತೊಳೆಯತೊಡಗಿದ್ದ.)

ಗೋಂದಣ್ಣ: ಮೇಲಿನ ಮನೆಯವರ ನಲ್ಲಿ ಒಡೆದು ಒಂದು ಸಲ ಅಂಗಡಿ ತುಂಬಾ ನೀರಾಗಿತ್ತು ನೋಡಿ... ಪುಸ್ತಕಗಳ ಬಾಲ, ಅಂದ್ರೆ ಕೊನೇ ಹಾಳೆಗಳು, ಎಲ್ಲ ಕಿತ್ಕೊಂಡು ಬಂತು. ನೆಲದ ಮೇಲೆ ಒಣಗೋಕೆ ಹರಡಿದೆ. ಫ್ಯಾನ್ ಹಾಕಿದೆ. ಆಮೇಲೆ ದಪ್ಪ ಅಳೆದು ಹೊಲಿದೆ.

ತಂಗಿ: ಓದಿ ಹೊಲೀಲಿಲ್ವಾ?

ಗೋಂದಣ್ಣ: ಓದ್ತಾ ಕೂತ್ರೆ ಬೈಂಡು ಯಾರು ಕಟ್ತಾರೆ? ಅದು ಪತ್ತೇದಾರಿ ಕಾದಂಬರಿ ಬಾಲ ಅನ್ಸುತ್ತೆ. ಆ ಹೆಂಗಸು... ಒಡವೆ ಕದ್ದು ಓಡಿ ಹೋಗೋಳು. ನಾಯಿ, ಪೊಲೀಸ್ ನಾಯಿ.

ಅಕ್ಕ: ಹಂಗಾದ್ರೆ ಪ್ರೇಮ ಕಾದಂಬರಿ ಬಾಲ ಪತ್ತೇದಾರಿಗೆ ಹೊಲಿದ್ರಾ? ಅದನ್ನ ಓದಿದೋರು ಸುಮ್ಮನೆ ಬಿಟ್ರಾ?

ಗೋಂದಣ್ಣ: ಒಬ್ಬರೂ ದೂರಲಿಲ್ಲ ಅಮ್ಮಾ. ಇನ್ಸ್‌ಪೆಕ್ಟರು ಕಳ್ಳಿ ಮುಂದೆ ಅತ್ತು, “ಇನ್ನೆಂದೂ ಕೈ ಎತ್ತಲಾರೆ” ಅಂದಿದ್ದಕ್ಕೆ, ಲಾಕಪ್ ಸುಧಾರಣೆ ಬಗ್ಗೆ ಒಳ್ಳೇ ಸಂದೇಶ ಅಂದ್ರು.

(ಅಕ್ಕ ನಕ್ಕಳು. ಮೇಜು ಹಿಡಿದು ನಕ್ಕಳು. ಸೋತ ತಂಗಿಯನ್ನು ನೋಡುವ ಸುಖ ಎಷ್ಟು ವಯಸ್ಸಾದರೂ ಹಳತಾಗುವುದಿಲ್ಲ.)

ಅಕ್ಕ: ಅಯ್ಯೋ ನನ್ನ ತಂಗಿಯೇ! ಆ ಓವರ್‌ಸಿಯರ್ ಸಂಬಂಧ ಬಂದಾಗ ಏನು ಕುಣಿದೆ ನೀನು! ‘ನರ್ಸ್ ಕೆಲಸ ಬಿಡು ಅನ್ನೋ ಗಂಡು ಬೇಡ, ಅವಳ ಹಾಗೆ ನಾನೂ ತಿರುಗಿ ನೋಡಲ್ಲ’ ಅಂತ ಅಪ್ಪನ ಎದುರಿಗೇ ಅಂದೆ. ಒಬ್ಬ ಕಳ್ಳಿನ ನೋಡಿ ಬದುಕು ಕಟ್ಕೊಂಡೆಯಲ್ಲೇ!

ತಂಗಿ: ಕಟ್ಕೊಂಡೆ. ಏನೀಗ? ನಮ್ಮ ಮನೆಯವರು ನನ್ನ ಛತ್ರಿ ಬೇಕಾದ್ರೂ ಕೇಳಿ ತಗೋತಾರೆ. ನನ್ನ ಪುಸ್ತಕಕ್ಕೆ ಬೇರೆಯವರ ಬಾಲ, ಒಪ್ಪಿದೆ. ನಿನ್ನದಕ್ಕೆ ಲೇಖಕರೇ ಬರೆದ ಅಸಲಿ ಬಾಲ. ಭಾವ ನಿನ್ನ ಕೇಳಿ ಏನು ಮಾಡ್ತಾರೆ ಹೇಳು?

ಅಕ್ಕ: ಅವರ ಸುದ್ದಿ ತೆಗೀಬೇಡ.

ತಂಗಿ: ನಾನೆಲ್ಲಿ ತೆಗೆದೆ? ಪುಸ್ತಕದ ಸುದ್ದಿ ತಾನೆ ಮಾತಾಡ್ತಿರೋದು.

ಅಕ್ಕ: (ಕಂದು ಪ್ರತಿಯನ್ನು ಎದೆಗೆ ಅವುಚಿಕೊಂಡು) ಸದ್ಯ, ಹುಡುಗಿಗೆ ನಾನು ಸರಿಯಾದ್ದನ್ನೇ ಕೊಟ್ಟಿದ್ದೀನಿ. ಏನೇ, ಓದಿ ಮುಗೀತಾ?

ಮಗಳು: ಇಲ್ಲಮ್ಮ. ಅವನು ಕೆನ್ನೆಗೆ ಹೊಡೆದ. ಅಲ್ಲಿಗೆ ಮುಚ್ಚಿಟ್ಟೆ.

ಅಕ್ಕ: ಅದು ಎಂಬತ್ತನೇ ಪುಟ ಕಣೇ! ಇನ್ನೂ ಎಷ್ಟಿದೆ! ನಾವಿಲ್ಲಿ ಕೊನೇ ಪುಟಕ್ಕೋಸ್ಕರ ಜಗಳ ಆಡ್ತಿದ್ರೆ ಇವಳು ಅರ್ಧಕ್ಕೂ ಹೋಗಿಲ್ಲ!

ಮಗಳು: ಮುಂದೆ ಏನಿದೆ?

ಅಕ್ಕ: ಮುಂದೆ ಅವನು ಬದಲಾಗ್ತಾನೆ.

ಮಗಳು: ಎಲ್ಲಿ?

ಅಕ್ಕ: ಕೊನೇ ಪುಟದಲ್ಲಿ ಅಂತ ಎಷ್ಟು ಸಲ ಹೇಳಲಿ?

ಮಗಳು: ಅಲ್ಲೀ ತನಕ ಅವಳು ಏನು ಮಾಡ್ತಾಳೆ?

ಅಕ್ಕ: ಕಾಯ್ತಾಳೆ.

ಮಗಳು: ಅಪ್ಪ ಈಗ ಎಷ್ಟನೇ ಪುಟದಲ್ಲಿದ್ದಾರಮ್ಮ?

(ಅಕ್ಕ ಕೈಗಡಿಯಾರದ ಪಟ್ಟಿಯನ್ನು ಬಿಚ್ಚಿದಳು, ಮೊದಲಿದ್ದ ತೂತಿಗೇ ಮತ್ತೆ ಹಾಕಿದಳು. ತಂಗಿ ಗೆಲ್ಲುವ ಸಮಯ. ಆದರೆ ಅವಳು ಕುರ್ಚಿಯನ್ನು ಅಕ್ಕನ ಹಿಂದಕ್ಕೆ ಸರಿಸಿದಳು ಅಷ್ಟೆ. ಅಕ್ಕ ಕೂರಲಿಲ್ಲ. ಚೀಲದಿಂದ ಫೋನ್ ತೆಗೆದಳು.)

ತಂಗಿ: ಯಾರಿಗೆ?

ಅಕ್ಕ: ಹುಡುಗನ ತಾಯಿಗೆ. ಸುಮ್ಮನಿರು. (ಫೋನಿನಲ್ಲಿ) ಹಲೋ, ನಮಸ್ಕಾರ. ಭಾನುವಾರ ನೀವು ಬರೋದು ಬೇಡ... ಇಲ್ಲ, ಅದರ ಮುಂದಿನ ಭಾನುವಾರಾನೂ ಬೇಡ... ನಿಮ್ಮ ಹುಡುಗ ನಮ್ಮ ಹುಡುಗಿ ಫೋನ್ ಒಡೆದಿದ್ದಕ್ಕೆ... ಹೌದು, ಸಣ್ಣ ವಿಷಯಾನೇ. ಸಣ್ಣದಿದ್ದಾಗಲೇ ಸಾಕು ಅಂತ... ಏನಂದ್ರಿ? ಗಂಡಸರು ಮೊದಮೊದಲು ಹಾಗೇ, ಬರ್ತಾ ಬರ್ತಾ ಸರಿಹೋಗ್ತಾರೆ ಅಂತಾನಾ? ನಾನೂ ಅದನ್ನೇ ಓದಿದ್ದು ಕಣ್ರೀ. ನೀವೂ ಓದಿರ್ತೀರಿ... ಹೂಂ, ಅದೇ! ಐದು ದಳದ ಹೂವು!... ನಿಮಗೂ ಬಾಯಿಪಾಠನಾ?... ಇಲ್ಲಿ ಅದರದ್ದೇ ಇನ್ನೊಂದು ಪ್ರತಿ ಇದೆ. ಬೈಂಡು ಕಟ್ಟುವಾಗ ತಪ್ಪಾಗಿಬಿಟ್ಟಿದೆ. ಅದರಲ್ಲಿ ಅವಳು ಅಳೋದೂ ಇಲ್ಲ, ಕಾಯೋದೂ ಇಲ್ಲ. ಪೆಟ್ಟಿಗೆ ಹಿಡ್ಕೊಂಡು ರೈಲು ಹತ್ತಿಬಿಡ್ತಾಳೆ... ಹಲೋ?... ಹಲೋ, ಇದ್ದೀರಾ?

(ಆ ಕಡೆಯಿಂದ ಏನೋ ಸಣ್ಣ ದನಿ ಕೇಳಿಸಿತು. ಅಕ್ಕ ಫೋನನ್ನು ಅಂಗೈಯಿಂದ ಮುಚ್ಚಿ ಗೋಂದಣ್ಣನ ಕಡೆ ತಿರುಗಿದಳು.)

ತಂಗಿ: ಏನಂತೆ? ಬೈತಿದ್ದಾರಾ?

ಅಕ್ಕ: ಇಲ್ಲ ಕಣೇ. ಆ ನೀಲಿ ಬೈಂಡಿನ ಪುಸ್ತಕ ಮನೆಗೆ ತಲುಪಿಸ್ತಾರಾ ಅಂತ ಕೇಳ್ತಿದ್ದಾರೆ. ಅವರ ಯಜಮಾನರು ಮನೇಲಿಲ್ಲದ ಹೊತ್ತು ನೋಡಿ.